ಪಂಚಮಿ ಜೋಕಾಲಿ ಇಷ್ಟ ಇದ್ದರೆ ಸ್ಪೈಡರ್‌ಮ್ಯಾನ್ ತಗೊಳ್ಳಿ

ನೀವು ಕೇಳಿದ್ದು ಇಷ್ಟು: ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇರೋ ಹಳೆಯ ಲ್ಯಾಪ್‌ಟಾಪ್ ಇದೆ, ಮಾರ್ವೆಲ್ಸ್ ಸ್ಪೈಡರ್‌ಮ್ಯಾನ್ ರಿಮಾಸ್ಟರ್ಡ್ ಅನ್ನೋ ಗೇಮ್ ತಗೊಳ್ಳಲಾ, ನ್ಯೂಯಾರ್ಕ್‌ನಂಥ ಅಷ್ಟು ದೊಡ್ಡ ಊರು ಕೊಟ್ಟಿದ್ದಾರಲ್ಲ, ಅದರೊಳಗೆ ಮಾಡೋಕೆ ನಿಜವಾಗಲೂ ಏನಾದರೂ ಇದೆಯಾ ಇಲ್ಲಾ ಸುಮ್ನೆ ಓಡಾಟವಾ?

ತಗೊಳ್ಳಿ. ಮತ್ತೆ ಹೌದು, ಸುಮ್ನೆ ಓಡಾಟವೇ. ಆ ಓಡಾಟಕ್ಕೇ ನಾನು ದುಡ್ಡು ಕೊಟ್ಟೆ ಅಂದುಕೊಂಡಿದ್ದೇನೆ, ಉಳಿದದ್ದೆಲ್ಲ ಮೇಲೆ ಸಿಕ್ಕಿದ್ದು.

ನಾನಿರೋದು ಕಲಬುರಗಿಯಲ್ಲಿ. ನನ್ನ ಹತ್ತಿರ ಇರೋದೂ 1650 ಕಾರ್ಡೇ, ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ಸುಮ್ಮನಿರೋಕೆ ಆಗಲಿಲ್ಲ. ಇನ್ಸಾಮ್ನಿಯಾಕ್‌ನವರು ಈ ಗೇಮ್ ಮಾಡಿದ್ದು, 2018ರ ಸೆಪ್ಟೆಂಬರ್‌ನಲ್ಲಿ ಸೋನಿಯ ಗೇಮ್ ಪೆಟ್ಟಿಗೆ ಪಿಎಸ್4ಗೆ (ಪ್ಲೇಸ್ಟೇಷನ್ 4) ಬಂತು. ಪಿಸಿಗೆ ಬಂದದ್ದು 2022ರ ಆಗಸ್ಟ್‌ನಲ್ಲಿ. ನಡುವಿನ ನಾಲ್ಕು ವರ್ಷ ನಾನು ಯೂಟ್ಯೂಬ್‌ನಲ್ಲಿ ಬೇರೆಯವರು ಆಡೋದನ್ನ ನೋಡಿಕೊಂಡೇ ಕಳೆದೆ. ಕತೆ ಪೂರ್ತಿ ಗೊತ್ತಿತ್ತು, ಯಾವ ವಿಲನ್ ಯಾವಾಗ ಬರುತ್ತಾನೆ, ಕೊನೆಗೆ ಏನಾಗುತ್ತೆ ಎಲ್ಲಾ. ಆದರೂ ಮೊದಲ ಸಲ ಕಂಟ್ರೋಲರ್ ಕೈಗೆ ತಗೊಂಡು ಕಟ್ಟಡದ ಮೇಲಿಂದ ಹಾರಿದಾಗ, ಇದು ನಾನು ನೋಡಿದ ಗೇಮ್ ಅಲ್ಲವೇ ಅಲ್ಲ ಅನ್ನಿಸಿತು.

ನೋಡೋಕೆ ಅದು ಒಂದೇ ಬಟನ್. ಕಂಟ್ರೋಲರ್‌ನ ಬಲಗಡೆ ಹಿಂದಿರೋ ಆರ್‌2 ಬಟನ್ ಒತ್ತಿ ಹಿಡಿದರೆ ದಾರ ಹೋಗಿ ಅಂಟುತ್ತದೆ, ಬಿಟ್ಟರೆ ಹಾರುತ್ತಾನೆ. ಯಾವಾಗ ಬಿಡಬೇಕು ಅನ್ನೋದರಲ್ಲೇ ಎಲ್ಲಾ ಇದೆ. ಕೆಳಗೆ ಬಂದು ಮುಂದಕ್ಕೆ ಹೊರಟ ಹೊತ್ತಿಗೇ ಬಿಟ್ಟರೆ ವೇಗ ಸಿಗುತ್ತೆ, ಎತ್ತರ ಸಿಗೋದಿಲ್ಲ. ಮೇಲೆ ತುದಿಗೆ ಹೋಗೋವರೆಗೂ ಹಿಡಿದು ಬಿಟ್ಟರೆ ಎತ್ತರ ಸಿಗುತ್ತೆ, ವೇಗ ಸತ್ತು ಹೋಗುತ್ತೆ. ಪಂಚಮಿಗೆ ಬೇವಿನ ಮರದ ಜೋಕಾಲಿಯಲ್ಲಿ ನಿಂತು ಜೀಕಿದವರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ, ಅದೇ ಲೆಕ್ಕ. ಮೊಣಕಾಲು ಯಾವಾಗ ಮಡಚಬೇಕು ಅಂತ ಜೋಕಾಲಿ ಮೇಲೆ ಯೋಚನೆ ಮಾಡೋದಿಲ್ಲ ಅಲ್ವಾ, ಇಲ್ಲೂ ಎರಡು ಗಂಟೆ ಆದ ಮೇಲೆ ಬೆರಳೇ ತಾನಾಗಿ ಬಿಡುತ್ತದೆ.

ಆಮೇಲೆ ಒಂದೊಂದೇ ಸೇರುತ್ತದೆ. ಎಡಗಡೆ ಸ್ಟಿಕ್ ಒತ್ತಿದರೆ ತಲೆಕೆಳಗಾಗಿ ಬೀಳುತ್ತಾನೆ, ಆ ಬಿದ್ದ ವೇಗವನ್ನೆಲ್ಲ ಮುಂದಿನ ದಾರಕ್ಕೆ ತಗೊಂಡು ಹೋಗಬಹುದು. ಎಡಗಡೆಯ ಎಲ್‌2, ಬಲಗಡೆಯ ಆರ್‌2 ಎರಡೂ ಒತ್ತಿದರೆ ಒಂದು ಕಂಬದ ತುದಿಗೋ ಮಾಳಿಗೆಯ ಅಂಚಿಗೋ ಸರ್ರನೆ ಹೋಗುತ್ತಾನೆ, ಕಾಲು ತಾಗೋ ಕ್ಷಣಕ್ಕೆ ಸರಿಯಾಗಿ ಎಕ್ಸ್ ಒತ್ತಿದರೆ ಅಲ್ಲಿಂದ ಚಿಮ್ಮುತ್ತಾನೆ, ಸ್ವಲ್ಪ ತಡ ಆದರೂ ಗುಬ್ಬಿ ಹಾಗೆ ಅಲ್ಲೇ ಕೂತುಬಿಡುತ್ತಾನೆ. ಎಷ್ಟೇ ಎತ್ತರದಿಂದ ಬಿದ್ದರೂ ಏನೂ ಆಗೋದಿಲ್ಲ. ಎಂಪೈರ್ ಸ್ಟೇಟ್ ಕಟ್ಟಡದ ತುದಿಯಿಂದ ಬಿದ್ದು, ರಸ್ತೆ ಇನ್ನೇನು ಮುಖಕ್ಕೆ ಬಂತು ಅನ್ನುವಾಗ ದಾರ ಎಸೆದು, ಟ್ಯಾಕ್ಸಿಗಳ ಮೇಲೆ ಒಂದು ಗೇಣು ಅಂತರದಲ್ಲಿ ಹೋಗೋದಿದೆಯಲ್ಲ, ಅದನ್ನ ನಾನು ಮಿಷನ್ ಇಲ್ಲದೆಯೂ ಎಷ್ಟು ಸಲ ಮಾಡಿದ್ದೇನೆ ಲೆಕ್ಕ ಇಲ್ಲ. ಗೇಮ್‌ನಲ್ಲಿ ಸಬ್‌ವೇ ರೈಲು ಹಿಡಿದು ಥಟ್ಟನೆ ಬೇರೆ ಕಡೆ ಹೋಗೋ ಸೌಕರ್ಯ ಇದೆ, ಮುಖವಾಡ ಹಾಕಿಕೊಂಡೇ ಜನರ ಮಧ್ಯೆ ರೈಲಿನಲ್ಲಿ ಕೂತಿರುತ್ತಾನೆ, ತಮಾಷೆಯಾಗಿದೆ. ನಾನು ಅದನ್ನ ಬಳಸಿದ್ದು ಎರಡೋ ಮೂರೋ ಸಲ, ಅದೂ ಆ ದೃಶ್ಯ ನೋಡೋಕೆ.

ಇದರಲ್ಲಿ ದಾರ ಅಂಟೋಕೆ ಏನಾದರೂ ಇರಲೇಬೇಕು, ಕಟ್ಟಡವೋ ಮರವೋ. ಹಳೆಯ ಎಷ್ಟೋ ಗೇಮ್‌ಗಳಲ್ಲಿ ದಾರ ಆಕಾಶಕ್ಕೇ ಅಂಟಿಕೊಂಡು ಬಿಡುತ್ತಿತ್ತು. 2004ರಲ್ಲಿ ಬಂದ ಸ್ಪೈಡರ್‌ಮ್ಯಾನ್ 2 ಪಿಎಸ್2ನಲ್ಲಿ ಇದನ್ನ ಸರಿಯಾಗಿ ಮಾಡಿತ್ತು, ಆದರೆ ಪಿಸಿಗೆ ಅದೇ ಹೆಸರಿಟ್ಟು ಬೇರೆಯೇ ಗೇಮ್ ಕೊಟ್ಟರು, ಅದರಲ್ಲಿ ಗುರುತು ಹಾಕಿದ ಜಾಗಕ್ಕೆ ಮಾತ್ರ ದಾರ ಕಟ್ಟಬೇಕು. ನಾನು ಶಾಲೆಗೆ ಹೋಗುವಾಗ ಗಂಟೆಗೆ ಹತ್ತು ರೂಪಾಯಿ ಕೊಟ್ಟು ಸೈಬರ್ ಕೆಫೆಯಲ್ಲಿ ಆಡಿದ್ದು ಆ ಪಿಸಿಯದ್ದೇ, ಆ ಹತ್ತು ರೂಪಾಯಿ ಇನ್ನೂ ನೆನಪಿದೆ.

ಹೀಗೆ ಕಟ್ಟಡ ಬೇಕೇ ಬೇಕು ಅಂತ ಮಾಡಿದ್ದರಿಂದ ಊರಿನ ಒಂದೊಂದು ಓಣಿಯ ಗುಣ ಒಂದೊಂದು ಥರ. ಮ್ಯಾನ್‌ಹಟನ್‌ನ ನಡುಭಾಗದಲ್ಲಿ ಹಾರಿಕೊಂಡು ಹೋದವನು ಉತ್ತರಕ್ಕೆ ಹಾರ್ಲೆಮ್ ಕಡೆ ಬಂದರೆ ಮನೆಗಳು ಗಿಡ್ಡ, ದಾರ ಗಿಡ್ಡ, ಕಾಲು ನೆಲಕ್ಕೆ ತಾಗುತ್ತದೆ. ಸೆಂಟ್ರಲ್ ಪಾರ್ಕ್‌ನಲ್ಲಂತೂ ಮರದಿಂದ ಮರಕ್ಕೆ ಕೋತಿ ಹಾಗೆ. ಅಲ್ಲಿಗೆ ಬಂದಾಗಲೆಲ್ಲ ನನಗೆ ನಮ್ಮೂರೇ ನೆನಪಾಗೋದು. ಇವನು ಕಲಬುರಗಿಗೆ ಬಂದಿದ್ದರೆ ಸೂಪರ್ ಮಾರ್ಕೆಟ್‌ನಿಂದ ಕೋಟೆವರೆಗೆ ಹೋಗೋಕೆ ಏನಿದೆ ಹೇಳಿ, ಎರಡು ಮೊಬೈಲ್ ಟವರ್, ಒಂದಿಷ್ಟು ನೀರಿನ ಟ್ಯಾಂಕ್. ಸೇಡಂ ರಸ್ತೆಗೆ ಹೋಗಿ ಬುದ್ಧ ವಿಹಾರದ ಗುಮ್ಮಟ ಹತ್ತಬೇಕಂದರೆ ಆಟೋನೇ ಗತಿ.

ಈಗ ಬೈಯೋ ಭಾಗ. ಓಡಾಟ ಬಿಟ್ಟು ಮ್ಯಾಪ್ ತೆರೆದು ನೋಡಿದರೆ ಗುರುತುಗಳೋ ಗುರುತುಗಳು. ಊರು ದೊಡ್ಡದು, ಮಾಡೋ ಕೆಲಸ ಏಳೆಂಟು ಥರದ್ದು, ಅದನ್ನೇ ಊರ ತುಂಬಾ ಚೆಲ್ಲಿದ್ದಾರೆ. ಪೊಲೀಸ್ ರೇಡಿಯೋದಲ್ಲಿ ಕಳ್ಳತನ ಅಂತ ಬರುತ್ತದೆ, ಹೋದರೆ ಕಾರಿನಲ್ಲಿ ನಾಲ್ಕು ಜನ ಓಡುತ್ತಿರುತ್ತಾರೆ. ಕಾರಿನ ಮಾಳಿಗೆ ಮೇಲೆ ಕೂರಬೇಕು, ಕಿಟಕಿಯಿಂದ ಗುಂಡು ಹಾರಿಸೋರನ್ನ ಎಳೆದು ಹಾಕಬೇಕು, ಕೊನೆಗೆ ಮುಂದೆ ನಿಂತು ದಾರ ಹಾಕಿ ಗಾಡಿ ನಿಲ್ಲಿಸಬೇಕು. ಮೊದಲ ಸಲ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಹತ್ತನೇ ಸಲಕ್ಕೆ ಅದೇ ಕಾರು, ಅದೇ ಎಳೆತ, ಅದೇ ನಿಲ್ಲಿಸೋದು, ಅವನು ಹೇಳೋ ಜೋಕೂ ಕೇಳಿದ್ದೇ. ನಮ್ಮ ಅಣ್ಣನ ಮಗ ಪಕ್ಕದಲ್ಲಿ ಕೂತು ನೋಡುತ್ತಿದ್ದವನು, "ಕಾಕಾ, ಈ ಮಂದಿಗೆ ಬೇರೆ ಕಾರ್ ಸಿಗಂಗಿಲ್ಲೇನು?" ಅಂದ. ಒಂಬತ್ತು ವರ್ಷದ ಹುಡುಗನಿಗೂ ಗೊತ್ತಾಗಿತ್ತು.

ಕತೆಯ ಮೂರನೇ ಭಾಗದಲ್ಲಿ ಇನ್ನೊಂದು ಕಿರಿಕಿರಿ ಶುರುವಾಗುತ್ತದೆ. ಏನಾಗುತ್ತೆ ಅಂತ ಹೇಳೋದಿಲ್ಲ, ಆದರೆ ಊರ ತುಂಬಾ ಸೇಬಲ್ ಅನ್ನೋ ಖಾಸಗಿ ಪಡೆಯವರು ಬಂದು ಕೂರುತ್ತಾರೆ, ನೀವು ನಿಮ್ಮ ಪಾಡಿಗೆ ಹಾರಿಕೊಂಡು ಹೋಗುತ್ತಿದ್ದರೂ ಕೆಳಗಿನಿಂದ ಗುಂಡು ಹಾರಿಸುತ್ತಾರೆ. ಕತೆಗೆ ಸರಿ, ಊರು ಕೆಟ್ಟಿದೆ ಅಂತ ಅನ್ನಿಸಬೇಕು. ಆದರೆ ಈ ಗೇಮ್‌ನಲ್ಲಿ ಎಲ್ಲಕ್ಕಿಂತ ಚೆನ್ನಾಗಿರೋದಕ್ಕೇ ಕೈ ಹಾಕಿ ಕೆಡಿಸಿದ ಹಾಗೆ ನನಗೆ ಅನ್ನಿಸಿತು. ಜೆಟ್‌ಪ್ಯಾಕ್ ಹಾಕಿಕೊಂಡವರು ಬಂದರಂತೂ ಎಲ್ಲಿಂದ ಹೊಡೆದರು ಅಂತಲೇ ಕಾಣೋದಿಲ್ಲ.

ಸ್ಪೈಡರ್‌ಮ್ಯಾನ್‌ನ ಗೆಳತಿ ಮೇರಿ ಜೇನ್ ಮತ್ತು ಮೈಲ್ಸ್ ಅನ್ನೋ ಹುಡುಗ ಆಗಿ ಆಡೋ ಭಾಗಗಳ ಬಗ್ಗೆ ಎಲ್ಲರೂ ಬೈಯುತ್ತಾರೆ, ನಾನೂ ಬೈಯುತ್ತೇನೆ. ಬಗ್ಗಿ ಬಗ್ಗಿ ಪೆಟ್ಟಿಗೆ ಹಿಂದೆ ನಡೆಯಬೇಕು, ಯಾರಾದರೂ ನೋಡಿದರೆ ಹಿಂದಿನಿಂದ ಶುರು. ಒಂದಕ್ಕೆ ಮಾತ್ರ ವಿನಾಯ್ತಿ ಕೊಡುತ್ತೇನೆ, ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ್ದು. ಅಲ್ಲಿ ನೀವು ಮೇರಿ ಜೇನ್, ಮೇಲೆ ಕತ್ತಲೆಯಲ್ಲಿ ಸ್ಪೈಡರ್‌ಮ್ಯಾನ್ ಇರುತ್ತಾನೆ, ನೀವು ಒಬ್ಬನನ್ನ ತೋರಿಸಿದರೆ ಅವನು ಬಂದು ಎತ್ತಿಕೊಂಡು ಹೋಗುತ್ತಾನೆ. ಉಳಿದವೂ ಹೀಗೇ ಇದ್ದಿದ್ದರೆ ಯಾರೂ ಮಾತಾಡುತ್ತಿರಲಿಲ್ಲ. ಲ್ಯಾಬ್‌ನಲ್ಲಿ ತಂತಿ ಜೋಡಿಸೋ ಒಗಟುಗಳೂ ಬರುತ್ತವೆ, ಬೇಜಾರಾದರೆ ಸೆಟ್ಟಿಂಗ್ಸ್‌ನಲ್ಲಿ ಅವನ್ನ ಬಿಟ್ಟು ಮುಂದೆ ಹೋಗೋ ಆಯ್ಕೆ ಇದೆ, ನಾಚಿಕೆ ಪಡದೆ ಬಳಸಿ.

ಗುರುತುಗಳಲ್ಲಿ ಮಾಡಲೇಬೇಕಾದ್ದು ಅಂದರೆ ಬ್ಯಾಗುಗಳು. ಪೀಟರ್, ಅಂದರೆ ಮುಖವಾಡದ ಹಿಂದಿನ ಸ್ಪೈಡರ್‌ಮ್ಯಾನ್, ಶಾಲೆಗೆ ಹೋಗೋ ಕಾಲದಿಂದ ಬಟ್ಟೆ ಬದಲಿಸುವಾಗ ಬ್ಯಾಗನ್ನ ಗೋಡೆಗೆ ಅಂಟಿಸಿ ಹೋಗಿ ಮರೆತುಬಿಟ್ಟಿರುತ್ತಾನೆ, ಅಂಥ 55 ಬ್ಯಾಗ್ ಊರಲ್ಲಿವೆ. ಒಂದೊಂದರಲ್ಲಿ ಹಳೆಯದೊಂದು ಸಾಮಾನು, ಅದರ ಬಗ್ಗೆ ಅವನದೊಂದು ಮಾತು. ಪಾರಿವಾಳ ಹಿಡಿದು ತಂದುಕೊಡೋ ಕೆಲಸವೂ ಒಂದಿದೆ. ಮಾಳಿಗೆ ಮೇಲೆ ಇರೋ ಹೊವರ್ಡ್ ಅನ್ನೋ ಮುದುಕನ ಪಾರಿವಾಳಗಳು. ಕೇಳೋಕೆ ಪೆದ್ದುತನ ಅನ್ನಿಸುತ್ತೆ, ಆದರೆ ಹಕ್ಕಿ ಹಿಂದೆ ಸಂದಿಗೊಂದಿಯಲ್ಲಿ ಹಾರೋದು ಅಂದರೆ ಮತ್ತೆ ಅದೇ ಜೋಕಾಲಿ, ಅದಕ್ಕೇ ನಾನು ಪೂರ್ತಿ ಮಾಡಿದೆ.

ಹೊಡೆದಾಟ ಚೆನ್ನಾಗಿದೆ. ಬ್ಯಾಟ್‌ಮ್ಯಾನ್ ಆರ್ಕಮ್ ಗೇಮ್‌ಗಳನ್ನ ಆಡಿದ್ದರೆ ಕೈಗೆ ಬೇಗ ಹತ್ತುತ್ತದೆ, ಆದರೆ ಅಲ್ಲಿಯ ಹಾಗೆ ನಿಂತು ಬಟನ್ ಒತ್ತಿದರೆ ಏಟು ತಿಂತೀರಿ. ಗೋಡೆ ಹತ್ತಿರ ನಿಂತವನಿಗೆ ಇಂಪ್ಯಾಕ್ಟ್ ವೆಬ್ ಅನ್ನೋ ಜೋರಿನ ಬಲೆ ಹೊಡೆದರೆ ಸೀದಾ ಗೋಡೆಗೆ ಅಂಟಿಕೊಳ್ಳುತ್ತಾನೆ, ಅಲ್ಲಿಗೆ ಅವನ ಕತೆ ಮುಗೀತು. ಮಾಳಿಗೆಯಿಂದ ಯಾರನ್ನಾದರೂ ಕೆಳಗೆ ಒದ್ದುಬಿಟ್ಟರೂ ಸಾಯೋದಿಲ್ಲ, ಬಗ್ಗಿ ನೋಡಿದರೆ ಕಟ್ಟಡದ ಪಕ್ಕಕ್ಕೆ ಬಲೆಯಲ್ಲಿ ಅಂಟಿಕೊಂಡಿರುತ್ತಾನೆ. ಶುರುವಿನಲ್ಲಿ ಸಾಮಾನು ಕಡಿಮೆ, ಸ್ವಲ್ಪ ಸಪ್ಪೆ ಅನ್ನಿಸಬಹುದು. ತಡೆದುಕೊಳ್ಳಿ.

ಕತೆಯ ಬಗ್ಗೆ ಒಂದೇ ವಿಷಯ ಹೇಳುತ್ತೇನೆ. ಇದರಲ್ಲಿ ಜೇಡ ಕಚ್ಚೋದು, ಶಕ್ತಿ ಬರೋದು ಏನೂ ತೋರಿಸೋದಿಲ್ಲ. ಪೀಟರ್‌ಗೆ 23 ವರ್ಷ, ಎಂಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾನೆ. ಊರಿನ ದೊಡ್ಡ ಡಾನ್ ಫಿಸ್ಕ್‌ನನ್ನ ಜೈಲಿಗೆ ಹಾಕಿಸಿ ಸ್ವಲ್ಪ ದಿನಕ್ಕೆ ನೋಡಿದರೆ ಬಾಡಿಗೆ ಕಟ್ಟಿಲ್ಲ ಅಂತ ಇವನನ್ನೇ ರೂಮಿನಿಂದ ಹೊರಗೆ ಹಾಕಿರುತ್ತಾರೆ. ಸಾಮಾನೆಲ್ಲ ಕಸದ ಗಾಡಿಗೆ. ಊರು ಉಳಿಸೋನು ಕಸದ ಗಾಡಿಗಳ ಹಿಂದೆ ಹಾರಿಕೊಂಡು ತನ್ನ ಪೆನ್‌ಡ್ರೈವ್ ಹುಡುಕಬೇಕು. ನಾನು ಡಿಗ್ರಿ ಓದುವಾಗ ಎರಡು ತಿಂಗಳ ಬಾಡಿಗೆ ಬಾಕಿ ಆಗಿ, ಊರಿಗೆ ಹೋಗಿ ಬರೋವಷ್ಟರಲ್ಲಿ ಮಾಲೀಕರು ನನ್ನ ಕೀಲಿ ಮೇಲೆ ತಮ್ಮದೊಂದು ಕೀಲಿ ಹಾಕಿದ್ದರು. ಒಳಗೆ ನನ್ನ ಹಾಲ್ ಟಿಕೆಟ್. ಹಾಗಾಗಿ ಆ ಮಿಷನ್‌ನಲ್ಲಿ ನಾನು ಒಂದು ಗಾಡಿಯನ್ನೂ ಬಿಡಲಿಲ್ಲ. ವಿಜ್ಞಾನಿ ಡಾಕ್ಟರ್ ಆಕ್ಟೇವಿಯಸ್ ಜೊತೆ ಅವನು ಕೆಲಸ ಮಾಡೋ ದೃಶ್ಯಗಳನ್ನೂ ಬೇಗ ಬೇಗ ದಾಟಿಸಬೇಡಿ, ಕೊನೆಯಲ್ಲಿ ಗಂಟಲು ಕಟ್ಟೋದು ಅವುಗಳಿಂದಲೇ.

ಲ್ಯಾಪ್‌ಟಾಪ್ ವಿಷಯ. ಕಡಿಮೆ ಅಂದರೆ ಬೇಕಾದದ್ದು ಜಿಟಿಎಕ್ಸ್ 950 ಮತ್ತು 8 ಜಿಬಿ ರ‍್ಯಾಮ್ ಅಂತ ಹೇಳಿದ್ದಾರೆ, ಚೆನ್ನಾಗಿ ಓಡೋಕೆ 1060 ಮತ್ತು 16 ಜಿಬಿ. ನಿಮ್ಮ 1650 ನಡುವೆ ಬರುತ್ತದೆ. ರ‍್ಯಾಮ್ 8 ಇದ್ದರೆ ಮೊದಲು 16 ಮಾಡಿಸಿ, ನನ್ನಲ್ಲಿ ಆ ಒಂದರಿಂದಲೇ ತಡವರಿಕೆ ನಿಂತಿತು. ಗೇಮನ್ನ ಎಸ್‌ಎಸ್‌ಡಿಯಲ್ಲೇ ಹಾಕಿ, 75 ಜಿಬಿ ಜಾಗ ಬೇಕು, ಮೊಬೈಲ್ ಡೇಟಾದಲ್ಲಿ ಇಳಿಸೋ ಧೈರ್ಯ ಮಾಡಬೇಡಿ. ಬೆಳಕು, ಪ್ರತಿಬಿಂಬ ನೈಜವಾಗಿ ತೋರಿಸೋ ರೇ ಟ್ರೇಸಿಂಗ್ ಆಫ್, ಜನ ಮತ್ತು ವಾಹನಗಳ ಸಂಖ್ಯೆ ಕಡಿಮೆ, ಚಿಕ್ಕ ಚಿತ್ರವನ್ನ ದೊಡ್ಡದು ಮಾಡಿ ಕಾರ್ಡಿನ ಭಾರ ಇಳಿಸೋ ಎಫ್‌ಎಸ್‌ಆರ್ ಆನ್. ಅದೇ ಕೆಲಸದ ಇನ್ನೊಂದು, ಡಿಎಲ್‌ಎಸ್‌ಎಸ್, ನಮ್ಮ ಕಾರ್ಡಿಗೆ ಇಲ್ಲ. ಇನ್ನು ಏಪ್ರಿಲ್, ಮೇ ತಿಂಗಳು ನಮ್ಮಲ್ಲಿ 42, 43 ಡಿಗ್ರಿ, ಲ್ಯಾಪ್‌ಟಾಪ್ ಮೇಲೆ ರೊಟ್ಟಿ ಬೇಯಿಸಬಹುದು. ನಾನು ಏರ್ ಕೂಲರ್ ಎದುರಿಗೆ ಇಟ್ಟುಕೊಂಡು ಆಡುತ್ತಿದ್ದೆ, ತೇವದ ಗಾಳಿ ಅಂತ ಅಣ್ಣ ಬೈದ ಮೇಲೆ ಬಿಟ್ಟೆ. ಈಗ ಸೆಕೆಂಡಿಗೆ 30 ಫ್ರೇಮ್‌ಗೆ ಕಟ್ಟಿ ರಾತ್ರಿ ಹತ್ತರ ಮೇಲೆ ಆಡುತ್ತೇನೆ. ಕರೆಂಟ್ ಹೋದರೆ ಗಾಬರಿ ಬೇಡ, ತಾನೇ ಸೇವ್ ಮಾಡಿಕೊಳ್ಳುತ್ತಾ ಹೋಗುತ್ತದೆ.

ಇದೂ ಓಡದಷ್ಟು ಹಳೆಯ ಲ್ಯಾಪ್‌ಟಾಪ್ ಆದರೆ 2011ರ ಆರ್ಕಮ್ ಸಿಟಿ ನೋಡಿ, ಊರು ಚಿಕ್ಕದು, ಆದರೆ ಒಂದು ಮೂಲೆಯೂ ಖಾಲಿ ಬಿಟ್ಟಿಲ್ಲ. 2009ರ ಪ್ರೊಟೊಟೈಪ್ ಕೂಡ ಇದೇ ನ್ಯೂಯಾರ್ಕ್‌ನಲ್ಲಿ ನಡೆಯೋದು, ಅದರಲ್ಲಿ ಗೋಡೆ ಮೇಲೆ ನೇರ ಓಡಬಹುದು, ಆದರೆ ರಕ್ತ ಜಾಸ್ತಿ, ಮನೆಯಲ್ಲಿ ಮಕ್ಕಳಿದ್ದರೆ ಬೇಡ. ಸ್ಪೈಡರ್‌ಮ್ಯಾನ್‌ನದ್ದೇ ಮುಂದಿನದ್ದು, ಮೈಲ್ಸ್ ಮೊರಾಲೆಸ್, ಚಿಕ್ಕದು, ಹಾಗಾಗಿ ಬೇಜಾರಾಗೋ ಮೊದಲೇ ಮುಗಿಯುತ್ತೆ. 2025ರ ಜನವರಿಯಲ್ಲಿ ಪಿಸಿಗೆ ಬಂದ ಸ್ಪೈಡರ್‌ಮ್ಯಾನ್ 2 ನಮ್ಮಂಥ ಕಾರ್ಡಿಗೆ ಭಾರ.

ಬೆಲೆ ಪೂರ್ತಿ ಕೊಡಬೇಡಿ, ಪಿಸಿ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸೇಲ್ ಬರೋವರೆಗೆ ಕಾಯಿರಿ. ಕಾಯೋ ಹೊತ್ತಿಗೆ ಒಂದು ಕಂಟ್ರೋಲರ್ ನೋಡಿಕೊಳ್ಳಿ, ಕೀಬೋರ್ಡ್‌ನಲ್ಲಿ ಆಡಬಹುದು, ಆದರೆ ಜೀಕೋ ಮಜಾ ಬರೋದಿಲ್ಲ. ನಾನು ಒಂದು ಅಂಗಡಿಯಲ್ಲಿ 700 ರೂಪಾಯಿಗೆ ಸಿಕ್ಕಿತು ಅಂತ ತಂದದ್ದು ಮೂರೇ ವಾರಕ್ಕೆ ಆರ್‌2 ಸಡಿಲ ಆಯಿತು, ಒತ್ತಿ ಹಿಡಿದಿದ್ದರೂ ಬಿಟ್ಟ ಹಾಗೆ. ಸ್ಪೈಡರ್‌ಮ್ಯಾನ್ ಹೋಗಿ ಹೋಗಿ ನದಿಗೆ ಬೀಳೋದು, ಈಜಿಕೊಂಡು ದಡಕ್ಕೆ ಬರೋದು, "ಕಾಕಾ, ಇವನ ದಾರ ಮತ್ತ ಹರೀತು ನೋಡು" ಅಂತ ಆ ಹುಡುಗ ನಗೋದು. ಅಂಗಡಿಯಲ್ಲಿ ನಿಂತೇ ಆರ್‌2 ಒಂದು ಐವತ್ತು ಸಲ ಒತ್ತಿ ನೋಡಿ, ಅಂಗಡಿಯವನು ಏನೇ ಅಂದುಕೊಳ್ಳಲಿ.