ಬಿಟ್ಟುಬಿಡು ಎಂದ ಮೂರು ರೀಡಿಂಗ್

(ಅವಳ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಹೆಸರು, ಕೆಲವು ವಿವರ ಬದಲಿಸಿದ್ದೇನೆ.)

"ನಿದ್ದಿ ಬರವಲ್ದು ರೀ ಮೇಡಂ," ಎನ್ನುತ್ತಲೇ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದಳು. ರೇಣುಕಾ ಎಂದು ಕರೆಯೋಣ. ಹುನಗುಂದ ಕಡೆಯ ಹಳ್ಳಿ, ನೇಕಾರರ ಮನೆ. ಬೆಳಗಾವಿಯ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಎರಡನೇ ವರ್ಷ. ಮನೆಯಲ್ಲಿ ಕಾಲೇಜು ಕಂಡವಳು ಇವಳೊಬ್ಬಳೇ.

ಮೊದಲ ದಿನ ನಾನು ಎಡವಿದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು, ರಾತ್ರಿ ಮೊಬೈಲ್ ದೂರ ಇಡು ಅಂತ ಕಳಿಸಿದೆ. ನಿದ್ದೆ ಯಾಕೆ ಹೋಯಿತು ಅಂತ ಕೇಳಲೇ ಇಲ್ಲ.

ಎರಡನೇ ಸಲ ಲ್ಯಾಬ್ ನೋಟ್‌ಬುಕ್ ತಂದಿದ್ದಳು. ಕೊಳವೆಬಾವಿ ನೀರಿನ ಫ್ಲೋರೈಡ್ ಅವಳ ವಿಷಯ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500. ಅವಳ ಮೂರು ಬಾವಿಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬಂದಿತ್ತು. ಗ್ರಾಫಿನ ಗೆರೆಗೆ ಅವು ಕೂರಲಿಲ್ಲ. "ಆ ಮೂರು ಬಿಟ್ಟುಬಿಡು, ಪೇಪರ್ ಕಳಿಸೋಣ," ಎಂದಿದ್ದ ಸೀನಿಯರ್. ಗೈಡ್ ಸುಮ್ನಿದ್ದರು.

"ಅದ್ರಾಗ ಒಂದು ನಮ್ಮೂರಿನ ಬಾವಿ ರೀ. ನಮ್ಮ ತಮ್ಮನ ಹಲ್ಲು ನೋಡ್ರಿ," ಎಂದು ಫೋನ್ ಮುಂದೆ ಹಿಡಿದಳು. ನಗುತ್ತಿದ್ದ ಹುಡುಗ. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ, ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಬೀಳುವಂಥದ್ದು.

ರೀಡಿಂಗ್ ಬಿಡೋಕೆ ಆಗಲ್ಲ ಎಂದು ಇವಳು ಹೇಳಿದ ಮೇಲೆ ಕಾಟ ಶುರುವಾಯಿತು. ಫ್ಲೋರೈಡ್ ಅಳೆಯುವ ಮೀಟರ್ ಇರುವ ಕೋಣೆಯ ಕೀಲಿ ಇವಳಿಗೆ ಸಿಗದು. ಮೀಟಿಂಗ್ ಎಷ್ಟು ಗಂಟೆಗೆ ಅಂತ ಯಾರೂ ಹೇಳರು. ಇಂಗ್ಲಿಷ್‌ನಲ್ಲಿ ತಡವರಿಸಿದರೆ ನಗು. ಚಾ ಮಾಡೋಕೆ, ಬೀಕರ್ ತೊಳೆಯೋಕೆ ಮಾತ್ರ ಇವಳೇ ಬೇಕು. ಲ್ಯಾಬಿನ ನಾಲ್ವರಲ್ಲಿ ಹೆಣ್ಣುಮಗಳು ಇವಳೊಬ್ಬಳು ಅಲ್ವಾ! ನನಗೆ ಸಿಟ್ಟು ಬಂತು. ತೋರಿಸಲಿಲ್ಲ.

"ನಿದ್ದೆ ಆಮೇಲೆ ನೋಡೋಣವಾ, ಮೊದಲು ಬಾವಿ ಲೆಕ್ಕ ಮುಗಿಸು," ಅಂದೆ. ಸೀನಿಯರ್ ಮೇಲೆ ಬೆರಳು ತೋರಿಸುವ ಮೊದಲು ತನ್ನ ಅಳತೆಯನ್ನು ತಾನೇ ಅನುಮಾನಿಸಬೇಕು. ಮೂರೂ ಕಡೆ ಹೊಸದಾಗಿ ನೀರು ತರಲಿ, ಪ್ಲಾಸ್ಟಿಕ್ ಬಾಟಲಿಯಲ್ಲಿ. (ಫ್ಲೋರೈಡ್ ನೀರನ್ನು ಗಾಜಿನಲ್ಲಿ ಇಡಬಾರದು ಅಂತ ಕಲಿಸಿದವಳು ಅವಳೇ.) ರೀಡಿಂಗ್ ತಪ್ಪು ಅಂತ ಗೊತ್ತಾದರೆ ಬಿಡಲಿ, ಆದರೆ ಕಾರಣ, ತಾರೀಖು ಬರೆದು ಬಿಡಲಿ. ಹಳೆ ಅಂಕಿ ಮೇಲೆ ಒಂದೇ ಗೆರೆ, ಕೆಳಗಿನದು ಓದಲು ಬರಬೇಕು. ಗ್ರಾಫಿಗೆ ಕೂರಲಿಲ್ಲ ಅನ್ನೋದು ಕಾರಣ ಆಗೋದಿಲ್ಲ.

ಯುಜಿಸಿಯ 2022ರ ಪಿಎಚ್‌ಡಿ ನಿಯಮದಂತೆ ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಕೆಲಸ ತೋರಿಸಬೇಕು. ಅಲ್ಲಿ ಗೈಡ್ ಒಬ್ಬರೇ ಇರೋದಿಲ್ಲ. ಮೂರೂ ರೀಡಿಂಗ್ ಅಲ್ಲಿ ಇಡು ಅಂದೆ. ಕೀಲಿಯನ್ನು ಬಾಯಿಮಾತಲ್ಲಿ ಕೇಳಬೇಡ, ಗೈಡ್‌ಗೆ ಎರಡು ಸಾಲಿನ ಇಮೇಲ್ ಹಾಕು. ಚಾಕ್ಕೆ ಪಾಳಿ ಹಚ್ಚು. ರಾತ್ರಿ ತೀರಾ ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಯಾವ ಹೊತ್ತಿಗಾದರೂ. ನಾನೇ ಗೈಡ್ ಜೊತೆ ಮಾತಾಡಲಾ ಎಂದೂ ಕೇಳಿದೆ. "ಬ್ಯಾಡ ರೀ," ಅಂದಳು. ಬಿಟ್ಟೆ.

ಎರಡು ತಿಂಗಳ ಮೇಲೆ ಬಂದಳು. ಒಂದು ಬಾವಿಯ ತಪ್ಪು ಇವಳದೇ. 0.41 ಬರೆಯುವಲ್ಲಿ 4.1 ಬರೆದಿದ್ದಳು. ಉಳಿದೆರಡು ಮತ್ತೆ ಹಾಗೇ ಬಂದವು. ಪೇಪರಿನಲ್ಲಿ ಇರಲಿ ಎಂದರಂತೆ ಸಮಿತಿಯವರು. ತಮ್ಮೂರಿನದು ಉಳಿದ ಎರಡರಲ್ಲಿ ಒಂದು. ಗೈಡ್ ಇನ್ನೂ ಮುಖ ಕೊಟ್ಟು ಮಾತಾಡುವುದಿಲ್ಲ. ನಿದ್ದೆ ಐದು ತಾಸು ಬರುತ್ತಿದೆ.

"ಚಾ ಏನಾಯ್ತು?" ಅಂದೆ.

"ಪಾಳಿ ಚೀಟಿ ಗ್ವಾಡಿಗೆ ಹಚ್ಚಿದೆ ರೀ. ಈಗ ಯಾರೂ ಮಾಡವಲ್ರು. ಎಲ್ಲಾರೂ ಕ್ಯಾಂಟೀನಿಗೆ ಹೊಂಟೀವಿ."