ವಿಮಾನದ ಬಗ್ಗೆ ಬರೆದಿದ್ದೀರಿ, ಖರೀದಿಯ ಬಗ್ಗೆ ಬರೆಯಿರಿ

ನಮಸ್ಕಾರ.

ಸೇನೆಯ ಆಧುನೀಕರಣದ ಕುರಿತು ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಮುಂದಿನ ಸಾಲುಗಳನ್ನು ನೀವು ಆಸೆ ಇಟ್ಟುಕೊಂಡು ಓದುವುದು ಬೇಡ ಎಂದು ಇದನ್ನು ಮೊದಲೇ ಹೇಳುತ್ತಿದ್ದೇನೆ. ಆದರೆ ಎರಡು ಸಾಲಿನ ವಿಷಾದಪತ್ರದಲ್ಲಿ ಮುಗಿಸುವ ಮನಸ್ಸೂ ಬರಲಿಲ್ಲ. ರಕ್ಷಣಾ ಖರೀದಿಯ ಬಗ್ಗೆ ಕನ್ನಡದಲ್ಲಿ ಗಂಭೀರವಾಗಿ ಬರೆಯುವವರು ಕಡಿಮೆ. ನಿಮಗೆ ವಿಷಯದ ಮೇಲೆ ಪ್ರೀತಿ ಇದೆ, ವಾಕ್ಯ ಕಟ್ಟುವ ಕೈ ಇದೆ. ಹಾಗಾಗಿ ಎಲ್ಲಿ ಎಡವಿದ್ದೀರಿ ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು: ನಮ್ಮಲ್ಲೇ ತಯಾರಾಗುವ ಯುದ್ಧವಿಮಾನ ತೇಜಸ್ ನೆಚ್ಚಿಕೊಂಡು ಕೂತರೆ ಆಗದು, ಫ್ರಾನ್ಸಿನ ಇನ್ನಷ್ಟು ರಫೇಲ್‌ಗಳನ್ನು ತಕ್ಷಣ ಕೊಳ್ಳಬೇಕು, ಇಷ್ಟು ದಿನ ತಡವಾಗಿದ್ದಕ್ಕೆ ಅಧಿಕಾರಿಗಳ ಜಡತೆ ಮತ್ತು ರಾಜಕೀಯ ಕಾರಣ, ರಕ್ಷಣಾ ಬಜೆಟ್ ಹೆಚ್ಚಿಸಿದರೆ ಎಲ್ಲವೂ ಸರಿಹೋಗುತ್ತದೆ. ಈ ನಿಲುವಿಗೆ ನನ್ನ ಆಕ್ಷೇಪವಿಲ್ಲ. ಇದಕ್ಕೆ ವಿರುದ್ಧವಾದ ನಿಲುವನ್ನು ನೀವು ಬರೆದಿದ್ದರೂ ನಾನು ಇದೇ ಪತ್ರ ಬರೆಯುತ್ತಿದ್ದೆ.

ಲೇಖನದ ಮೊದಲರ್ಧ ತಯಾರಕರ ಕೈಪಿಡಿಯಿಂದ ಎತ್ತಿದ ಹಾಗಿದೆ. ವೇಗ ಎಷ್ಟು, ಹಾರುವ ದೂರ ಎಷ್ಟು, ಎಷ್ಟು ಟನ್ ಶಸ್ತ್ರ ಹೊರುತ್ತದೆ ಎಂದು ಸಾಲುಸಾಲಾಗಿ ಪಟ್ಟಿ ಕೊಟ್ಟಿದ್ದೀರಿ. ಹಳೆಯ ಯುದ್ಧವಿಮಾನ ಮಿಗ್-21ರ ಜಾಗ ತುಂಬಲೆಂದು ರೂಪಿಸಿದ ಒಂಟಿ ಎಂಜಿನ್‌ನ ಹಗುರ ತೇಜಸ್ ಅನ್ನು ಎರಡು ಎಂಜಿನ್‌ನ ಮಧ್ಯಮ ತೂಕದ ರಫೇಲ್‌ನ ಪಕ್ಕ ನಿಲ್ಲಿಸಿ ಯಾವುದು ಹೆಚ್ಚು ಹೊರುತ್ತದೆ ಎಂದು ಕೇಳಿದರೆ ಉತ್ತರ ಕೇಳುವ ಮೊದಲೇ ಗೊತ್ತಿರುತ್ತದೆ. ಈ ಭಾಗವನ್ನು ಪೂರ್ತಿ ತೆಗೆಯಿರಿ. ವಾಯುಪಡೆಗೆ ಎರಡೂ ಬೇಕು. ಯಾವುದು ಎಷ್ಟು ಬೇಕು, ಯಾವಾಗ ಬೇಕು, ಅದು ಬರುವವರೆಗೆ ಯಾವುದರಲ್ಲಿ ಹಾರುವುದು ಎಂಬುದೇ ಚರ್ಚೆ. ನಿಮ್ಮ ಲೇಖನದಲ್ಲಿ ಆ ಕಾಲದ ಲೆಕ್ಕ ಎಲ್ಲೂ ಬರುವುದಿಲ್ಲ.

ತಕ್ಷಣ ಕೊಳ್ಳಬೇಕು ಎಂಬ ನಿಮ್ಮ ಬೇಡಿಕೆಯನ್ನೇ ನೋಡಿ. 2007ರ ಆಗಸ್ಟ್‌ನಲ್ಲಿ 126 ಯುದ್ಧವಿಮಾನಗಳಿಗೆ ಟೆಂಡರ್ ಕರೆದರು. ಆರು ವಿಮಾನಗಳು ಸ್ಪರ್ಧೆಯಲ್ಲಿದ್ದವು. ಬೆಂಗಳೂರು, ಜೈಸಲ್ಮೇರ್, ಲೇಹ್‌ಗಳಲ್ಲಿ ಹಾರಾಟದ ಪರೀಕ್ಷೆ ನಡೆಯಿತು, ಅಂದರೆ ತೇವ, ಮರುಭೂಮಿಯ ಬಿಸಿಲು, ಎತ್ತರದ ಚಳಿ ಮೂರರಲ್ಲೂ ಒರೆಗೆ ಹಚ್ಚಿದರು. 2011ರಲ್ಲಿ ರಫೇಲ್ ಮತ್ತು ಯೂರೋಫೈಟರ್ ಉಳಿದವು. 2012ರ ಜನವರಿಯಲ್ಲಿ ರಫೇಲ್ ಬೆಲೆಯೇ ಕಡಿಮೆ ಎಂದು ತೀರ್ಮಾನವಾಯಿತು. ಆಮೇಲೆ ಮಾತುಕತೆ ಜಗ್ಗಿತು. 18 ವಿಮಾನ ಫ್ರಾನ್ಸ್‌ನಿಂದ ಸಿದ್ಧವಾಗಿ ಬಂದು, ಉಳಿದ 108 ಇಲ್ಲಿನ ಸರ್ಕಾರಿ ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್‌ನಲ್ಲಿ ತಯಾರಾಗಬೇಕಿತ್ತು. ಇಲ್ಲಿ ತಯಾರಾದ ವಿಮಾನಗಳ ಗುಣಮಟ್ಟಕ್ಕೆ ಯಾರು ಹೊಣೆ, ಇಲ್ಲಿ ತಗಲುವ ದುಡಿಮೆಯ ಗಂಟೆಗಳನ್ನು ಹೇಗೆ ಲೆಕ್ಕ ಹಿಡಿಯುವುದು ಎಂಬಲ್ಲಿ ಗಾಡಿ ನಿಂತಿತು. 2015ರ ಏಪ್ರಿಲ್‌ನಲ್ಲಿ 36 ವಿಮಾನಗಳನ್ನು ನೇರವಾಗಿ ಕೊಳ್ಳುವ ಘೋಷಣೆ ಬಂತು, 2016ರ ಸೆಪ್ಟೆಂಬರ್‌ನಲ್ಲಿ ಸಹಿಯಾಯಿತು, ಮೊದಲ ಐದು ಅಂಬಾಲಾದಲ್ಲಿ ಇಳಿದದ್ದು 2020ರ ಜುಲೈ 29ರಂದು, 36ನೆಯದು ಬಂದದ್ದು 2022ರ ಡಿಸೆಂಬರ್‌ನಲ್ಲಿ. ಸರ್ಕಾರದಿಂದ ಸರ್ಕಾರಕ್ಕೆ ಎಂಬ ಅತ್ಯಂತ ಹತ್ತಿರದ ದಾರಿ ಹಿಡಿದರೂ, ಸಹಿಯಿಂದ ಮೊದಲ ವಿಮಾನ ಬರುವವರೆಗೆ ಸುಮಾರು ನಾಲ್ಕು ವರ್ಷ ಹಿಡಿಯಿತು. ನೌಕಾಪಡೆಗಾಗಿ 2025ರ ಏಪ್ರಿಲ್‌ನಲ್ಲಿ ಸಹಿಯಾದ 26 ರಫೇಲ್‌ಗಳದ್ದೂ ಇದೇ ಕತೆ, 2028ರಿಂದ ಬರಬೇಕು.

ಇವಿಷ್ಟೂ ಯಾರಿಗೂ ಗುಟ್ಟಲ್ಲ. ಆದರೆ ನಿಮ್ಮ ಲೇಖನ ಓದಿದವರಿಗೆ ಇದರ ಸುಳಿವೇ ಸಿಗುವುದಿಲ್ಲ. ದುಡ್ಡು ಕೊಟ್ಟರೆ ನಾಳೆ ವಿಮಾನ ಬಂದಿಳಿಯುತ್ತದೆ ಎಂದೇ ಅವರು ನಂಬುತ್ತಾರೆ.

ತೇಜಸ್ ಬಗ್ಗೆಯೂ ಇದೇ ತಪ್ಪು ಇನ್ನೊಂದು ಬದಿಯಿಂದ ಆಗಿದೆ. ಯೋಜನೆಗೆ 1983ರಲ್ಲಿ ಒಪ್ಪಿಗೆ ಸಿಕ್ಕಿತು, 2001ರ ಜನವರಿಯಲ್ಲಿ ಮೊದಲ ಹಾರಾಟ, 2016ರಲ್ಲಿ ಮೊದಲ ಸ್ಕ್ವಾಡ್ರನ್ (ಯುದ್ಧವಿಮಾನಗಳ ತುಕಡಿ) ಎಂದು ಬರೆದು, 'ನಾಚಿಕೆಗೇಡು' ಎಂಬ ಒಂದು ಮಾತಿನಲ್ಲಿ ಪ್ಯಾರಾ ಮುಗಿಸಿದ್ದೀರಿ. ವರ್ಷಗಳು ಸರಿಯಾಗಿವೆ, ವಿಚಾರಣೆ ಮಾತ್ರ ನಡೆದಿಲ್ಲ. ಈಚಿನ ತಡವನ್ನು ಪೂರ್ತಿಯಾಗಿ ಅಮೆರಿಕದ ಎಂಜಿನ್ ಕಂಪನಿಯ ತಲೆಗೆ ಕಟ್ಟಿದ್ದೀರಿ. ಅರ್ಧ ನಿಜ. 2021ರ ಫೆಬ್ರವರಿಯಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಒಪ್ಪಂದವಾಯಿತು, 2024ರ ಮಾರ್ಚ್ ಗಡುವಿಗೆ ಮೊದಲ ವಿಮಾನ ಬರಲಿಲ್ಲ. ಅದಕ್ಕೆ ಬೇಕಾದ, ಆ ಕಂಪನಿಯ 99 ಎಫ್404 ಎಂಜಿನ್‌ಗಳಲ್ಲಿ ಮೊದಲನೆಯದು ಕೈಗೆ ಬಂದದ್ದೇ 2025ರ ಮಾರ್ಚ್‌ನಲ್ಲಿ. ಇನ್ನರ್ಧವನ್ನೂ ಹೇಳಬೇಕಿತ್ತು. ಮೊದಲು ತರಿಸಿದ 65 ಎಂಜಿನ್‌ಗಳು 2016ರ ಹೊತ್ತಿಗೆ ಬಂದು ಮುಗಿದಿದ್ದವು. ಮುಂದಿನ ಆರ್ಡರ್ ನಮ್ಮಿಂದ ಹೋಗಲಿಲ್ಲ. ಕಂಪನಿ ಆ ಉತ್ಪಾದನಾ ಸಾಲನ್ನೇ ನಿಲ್ಲಿಸಿತು. ಐದು ವರ್ಷ ಬಿಟ್ಟು ಆರ್ಡರ್ ಕೊಟ್ಟಾಗ ಬಿಡಿಭಾಗ ಪೂರೈಸುವವರನ್ನೆಲ್ಲ ಮತ್ತೆ ಒಟ್ಟುಗೂಡಿಸಿ ಸಾಲನ್ನು ಹೊಸದಾಗಿ ಶುರುಮಾಡಬೇಕಾಯಿತು. ಕೊಳ್ಳುವವರು ನಡುವೆ ಸುಮ್ಮನಾದರೆ ಮಾರುವವರ ಕಡೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಿಮಗೆ ಸಿಗದು. ಇದರ ಹಿಂದೆ ಬೆಂಗಳೂರಿನಲ್ಲೇ ನಡೆದ ಇನ್ನೊಂದು ಅಧ್ಯಾಯವಿದೆ. ತೇಜಸ್‌ಗೆಂದೇ 1989ರಲ್ಲಿ ಮಂಜೂರಾದ ಸ್ವದೇಶಿ ಕಾವೇರಿ ಎಂಜಿನ್ ಯೋಜನೆಯನ್ನು 2008ರಲ್ಲಿ ತೇಜಸ್‌ನಿಂದ ಬೇರ್ಪಡಿಸಿದರು. ಸ್ವಂತ ಎಂಜಿನ್ ಕೈಗೂಡದೆ ಇದ್ದದ್ದರಿಂದಲೇ ನಾವು ಇನ್ನೊಬ್ಬರ ಕಾರ್ಖಾನೆಯ ಕ್ಯಾಲೆಂಡರ್ ನೋಡಿಕೊಂಡು ಕೂರಬೇಕಾಯಿತು. ನಿಮ್ಮ ಲೇಖನದಲ್ಲಿ ಕಾವೇರಿಯ ಹೆಸರೇ ಇಲ್ಲ.

ಈಗ ಸ್ವೀಡನ್ನಿನ ಬೊಫೋರ್ಸ್ ಫಿರಂಗಿಗೆ ಬರುತ್ತೇನೆ. ಲೇಖನದಲ್ಲಿ ನನಗೆ ನಿಜವಾಗಿ ಬೇಸರ ತಂದದ್ದು ಈ ಭಾಗ, ಏಕೆಂದರೆ ಒಳ್ಳೆಯ ಲೇಖನ ಇಲ್ಲೇ ನಿಮ್ಮ ಕೈಯಲ್ಲಿತ್ತು. ಒಂದು ಪ್ಯಾರಾದಲ್ಲಿ ಬೊಫೋರ್ಸ್ ಎಂದರೆ ದೇಶದ್ರೋಹದ ಹಗರಣ. ನಾಲ್ಕು ಪ್ಯಾರಾ ದಾಟಿದರೆ 1999ರಲ್ಲಿ ಕಾರ್ಗಿಲ್ ಶಿಖರಗಳ ಮೇಲೆ ಗುಂಡಿನ ಮಳೆಗರೆದ ಅದೇ ಫಿರಂಗಿಗೆ ಜೈಕಾರ. ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿಬಿಟ್ಟಿದ್ದೀರಿ. ಓದುಗ ಕೇಳುವುದು ಇವೆರಡರ ನಡುವಿನ ಕತೆಯನ್ನು. 1986ರ ಮಾರ್ಚ್‌ನಲ್ಲಿ 155 ಎಂಎಂ ನಳಿಗೆಯ 410 ಫಿರಂಗಿಗಳಿಗೆ ಸುಮಾರು 1,437 ಕೋಟಿ ರೂಪಾಯಿಯ ಒಪ್ಪಂದವಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೊ ಲಂಚದ ಸುದ್ದಿ ಬಿತ್ತರಿಸಿತು. ಫಿರಂಗಿ ಚೆನ್ನಾಗಿತ್ತು, ಅದನ್ನು ಕೊಂಡ ದಾರಿಯ ಮೇಲೆ ಸಂಶಯ ಬಿತ್ತು. ಆಮೇಲೆ ಆದದ್ದೇನು? ಇಲ್ಲೇ ತಯಾರಿಸಲೆಂದು ಪಡೆದಿದ್ದ ನಕ್ಷೆಗಳು ದಶಕಗಳ ಕಾಲ ಕಪಾಟಿನಲ್ಲೇ ಉಳಿದವು. ಹೊಸ 155 ಎಂಎಂ ಫಿರಂಗಿ ಸೇನೆಗೆ ಬರಲು ಸುಮಾರು 30 ವರ್ಷ ಬೇಕಾಯಿತು: ಅಮೆರಿಕದ 145 ಎಂ777 ಫಿರಂಗಿಗಳಿಗೆ ಸಹಿ ಬಿದ್ದದ್ದು 2016ರ ನವೆಂಬರ್‌ನಲ್ಲಿ, ಹಳೆಯ ನಕ್ಷೆಗಳ ಮೇಲೆ ಬೆಳೆಸಿದ ಜಬಲ್ಪುರದ ಧನುಷ್ ಫಿರಂಗಿ ಸೇನೆಗೆ ಮೊದಲು ಹಸ್ತಾಂತರವಾದದ್ದು 2019ರ ಏಪ್ರಿಲ್‌ನಲ್ಲಿ. ನಕ್ಷೆ ಇತ್ತು, ಕಾರ್ಖಾನೆ ಇತ್ತು, ಅಗತ್ಯವೂ ಇತ್ತು. ಕಡತದ ಮೇಲೆ ಸಹಿ ಹಾಕುವ ಧೈರ್ಯ ಇರಲಿಲ್ಲ.

ಈ ಹೆದರಿಕೆಯನ್ನು ನೀವು 'ಜಡತೆ' ಎಂದು ಕರೆದು ಮುಂದೆ ಹೋಗಿದ್ದೀರಿ. ಸ್ವಲ್ಪ ನಿಂತು ನೋಡಬೇಕು. ಸಹಿ ಹಾಕಿದ ಅಧಿಕಾರಿ ನಿವೃತ್ತಿಯಾದ ಮೇಲೂ ವಿಚಾರಣೆ ಎದುರಿಸಬಹುದು; ಸಹಿ ಹಾಕದೆ ಕಡತವನ್ನು ಇನ್ನೊಂದು ಸಮಿತಿಗೆ ಕಳಿಸಿದವರನ್ನು ಯಾರೂ ಪ್ರಶ್ನಿಸುವುದಿಲ್ಲ. ಆರೋಪ ಹೊತ್ತ ಕಂಪನಿಯ ಜೊತೆ ವ್ಯವಹಾರ ನಿಲ್ಲಿಸುವ ಕಪ್ಪುಪಟ್ಟಿಯ ಪರಿಣಾಮವನ್ನೂ ಹೀಗೇ ನೋಡಿ. ಗಣ್ಯರ ಓಡಾಟಕ್ಕೆಂದು 2010ರಲ್ಲಿ ಮಾಡಿಕೊಂಡ 12 ಹೆಲಿಕಾಪ್ಟರ್‌ಗಳ ಒಪ್ಪಂದ ಲಂಚದ ಆರೋಪದಿಂದ 2014ರ ಜನವರಿಯಲ್ಲಿ ರದ್ದಾಯಿತು. ಅದೇ ಸಮೂಹದ ಇನ್ನೊಂದು ಕಂಪನಿ ನಮ್ಮ ಸ್ಕಾರ್ಪೀನ್ ಜಲಾಂತರ್ಗಾಮಿಗಳಿಗೆ 98 ಟಾರ್ಪಿಡೊ ಕೊಡುವುದರಲ್ಲಿತ್ತು. ಆ ಖರೀದಿಯೂ ನಿಂತಿತು. 2017ರ ಡಿಸೆಂಬರ್‌ನಲ್ಲಿ ಅವುಗಳಲ್ಲಿ ಮೊದಲನೆಯದಾದ ಐಎನ್‌ಎಸ್ ಕಲ್ವರಿ ಸೇವೆಗೆ ಇಳಿದಾಗ ಹೊಸ ದೋಣಿಗೆ ಹಳೆಯ ಟಾರ್ಪಿಡೊಗಳೇ ಗತಿಯಾದವು. ಹಾಗಾದರೆ ಲಂಚವನ್ನು ಕಂಡೂ ಕಾಣದಂತಿರಬೇಕೆ? ಖಂಡಿತ ಬೇಡ. ತಪ್ಪು ಮಾಡಿದ ವ್ಯಕ್ತಿಯನ್ನು ಹಿಡಿಯುವುದು ಹೇಗೆ, ಆ ಶಿಕ್ಷೆ ಜಲಾಂತರ್ಗಾಮಿಯೊಳಗಿನ ನಾವಿಕನ ಮೇಲೆ ಬೀಳದಂತೆ ನೋಡಿಕೊಳ್ಳುವುದು ಹೇಗೆ ಎಂಬ ಕಷ್ಟದ ಪ್ರಶ್ನೆಯನ್ನು ನೀವು ಎತ್ತಿಕೊಳ್ಳಬೇಕು. ಅದಕ್ಕೆ ನಿಮ್ಮದೇ ಒಂದು ಉತ್ತರ ಇರಬೇಕು. ಓದುಗರು ಒಪ್ಪದಿದ್ದರೂ ಪರವಾಗಿಲ್ಲ.

ಸಮವಸ್ತ್ರದವರನ್ನು ನೀವು ಒಮ್ಮೆಯೂ ಪ್ರಶ್ನಿಸಿಲ್ಲ ಎಂಬುದನ್ನೂ ಹೇಳಬೇಕು. ತಪ್ಪೆಲ್ಲ ಸಚಿವಾಲಯದ್ದು, ಸೇನೆ ಪಾಪ ಕಾಯುತ್ತಾ ಕೂತಿದೆ ಎಂಬಂತಿದೆ ಚಿತ್ರ. ನಳಿಗೆ ಬದಲಿಸಿದರೆ ಎರಡು ಬಗೆಯ ಗುಂಡು ಹಾರಿಸುವಂಥ ಒಂದೇ ಬಂದೂಕು ಬೇಕೆಂದು ಭೂಸೇನೆ ಕೇಳಿ, 2011ರಲ್ಲಿ ಟೆಂಡರ್ ಹೊರಡಿಸಿ, ಪರೀಕ್ಷೆಗೆ ಬಂದ ಯಾವ ಬಂದೂಕೂ ಹೊಂದದೆ 2015ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಕಾಲಾಳಿನ ಕೈಗೆ ಕೊಡಬೇಕಾದ ಅತ್ಯಂತ ಮೂಲಭೂತ ಆಯುಧದಲ್ಲಿ ನಾಲ್ಕು ವರ್ಷ ಹೀಗೆ ಹೋಯಿತು. ಸೇನೆಯ ಮೇಲಿನ ಗೌರವ ಎಂದರೆ ಅದರ ಬೇಡಿಕೆಪಟ್ಟಿಯನ್ನು ಪ್ರಶ್ನೆಯಿಲ್ಲದೆ ಒಪ್ಪುವುದು ಎಂದು ದಯವಿಟ್ಟು ತಿಳಿಯಬೇಡಿ.

ಬಜೆಟ್ ಹೆಚ್ಚಿಸಿ ಎಂದಿದ್ದೀರಿ. ಎಷ್ಟು, ಯಾವ ತಲೆಬರಹದಡಿ? 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ ರೂಪಾಯಿ ಇತ್ತು. ಅದರಲ್ಲಿ ಹೊಸ ಆಯುಧಗಳ ಖರೀದಿಗೆ ಹಣ ಬರುವ ಬಂಡವಾಳ ವೆಚ್ಚ 1.80 ಲಕ್ಷ ಕೋಟಿ, ಪಿಂಚಣಿಯೊಂದೇ ಸುಮಾರು 1.61 ಲಕ್ಷ ಕೋಟಿ. ಸಂಬಳ, ಇಂಧನ, ದುರಸ್ತಿ ಉಳಿದದ್ದನ್ನು ತಿನ್ನುತ್ತವೆ. ಬಂಡವಾಳದ ಹಣದಲ್ಲೂ ದೊಡ್ಡ ಪಾಲು ಹಿಂದೆ ಸಹಿ ಮಾಡಿದ ಒಪ್ಪಂದಗಳ ಕಂತಿಗೆ ಹೋಗುತ್ತದೆ. ಹೀಗಿರುವಾಗ ಹೊಸ ವಿಮಾನ ಬೇಕೆನ್ನುವವರು ಯಾವುದನ್ನು ಮುಂದೂಡುತ್ತೀರಿ ಎಂದು ಹೇಳಲೇಬೇಕು. ಜೊತೆಗೆ, ಸಹಿಯಾದ ಬೆಲೆ ಕೊನೆಯ ಬೆಲೆ ಅಲ್ಲ. ರಷ್ಯಾದ ವಿಮಾನವಾಹಕ ಹಡಗು ಗೋರ್ಶ್‌ಕೋವ್‌ಗೆ 2004ರಲ್ಲಿ ಗೊತ್ತುಮಾಡಿದ್ದು 97.4 ಕೋಟಿ ಡಾಲರ್. ಅದು ಐಎನ್‌ಎಸ್ ವಿಕ್ರಮಾದಿತ್ಯವಾಗಿ 2013ರಲ್ಲಿ ನಮ್ಮ ಕೈಸೇರುವ ಹೊತ್ತಿಗೆ 235 ಕೋಟಿ ಡಾಲರ್ ಆಗಿತ್ತು.

ಇನ್ನು ಸ್ಕ್ವಾಡ್ರನ್ ಲೆಕ್ಕ. ವಾಯುಪಡೆಗೆ ಮಂಜೂರಾದದ್ದು 42, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ನಿವೃತ್ತಿಯಾದ ಮೇಲೆ ಉಳಿದದ್ದು 29 ಎಂದು ಸರಿಯಾಗಿ ಬರೆದಿದ್ದೀರಿ, ಆದರೆ ಲೆಕ್ಕವನ್ನು ಅಲ್ಲಿಗೇ ಬಿಟ್ಟಿದ್ದೀರಿ. ಕೊರತೆ 13. ಸ್ಕ್ವಾಡ್ರನ್‌ಗೆ 18 ವಿಮಾನ ಎಂದು ಹಿಡಿದರೆ 234. ವರ್ಷಕ್ಕೆ 24 ತೇಜಸ್ ಎಂಬ ಗುರಿಯನ್ನು ಎಚ್‌ಎಎಲ್ ಪೂರ್ತಿ ಮುಟ್ಟಿದರೂ ಹತ್ತು ವರ್ಷ ಹತ್ತಿರ. ಅಷ್ಟರಲ್ಲಿ ಜಾಗ್ವಾರ್, ಮಿರಾಜ್-2000, ಮಿಗ್-29ಗಳು ಒಂದೊಂದಾಗಿ ನಿವೃತ್ತಿಯಾಗತೊಡಗುತ್ತವೆ. ಇಷ್ಟು ಗುಣಾಕಾರ ಮಾಡಿದ್ದರೆ, ಹೊರಗಿನಿಂದಲೂ ಕೊಳ್ಳಬೇಕು ಎಂಬ ನಿಮ್ಮ ವಾದಕ್ಕೆ ನಿಮ್ಮ ಪಟ್ಟಿಗಿಂತ ಎಷ್ಟೋ ಗಟ್ಟಿಯಾದ ಆಧಾರ ಸಿಗುತ್ತಿತ್ತು. ಎದುರು ವಾದದವರೂ ಇದೇ ಲೆಕ್ಕ ಹಿಡಿದು, ಕಾರ್ಖಾನೆಯ ಸಾಲುಗಳನ್ನು ಹೆಚ್ಚಿಸಿ, ಆರ್ಡರ್ ತಡೆಯಿಲ್ಲದೆ ಕೊಡಿ ಎನ್ನುತ್ತಾರೆ. ಅವರ ವಾದವನ್ನು ಅವರೇ ಮೆಚ್ಚುವಷ್ಟು ಚೆನ್ನಾಗಿ ಹೇಳಿ, ಆಮೇಲೆ ಉತ್ತರಿಸಿ. ಈಗ ನೀವು 'ಸ್ವದೇಶಿ ಭ್ರಮೆ' ಎಂದು ತಳ್ಳಿಹಾಕಿರುವುದು ಚರ್ಚೆಯಾಗುವುದಿಲ್ಲ.

ಭಾಷೆಯ ಬಗ್ಗೆ ಒಂದೇ ಮಾತು. 'ವೈರಿಯ ಎದೆ ನಡುಗಿಸುವ', 'ಸಿಂಹಸ್ವರೂಪಿ' ಮುಂತಾದವನ್ನೆಲ್ಲ ಅಳಿಸಿ. ವಾದ ದುರ್ಬಲವಾದಲ್ಲೆಲ್ಲ ಹಿಮದಲ್ಲಿ ನಿಂತ ಯೋಧನನ್ನು ಕರೆತಂದು ಮುಂದೆ ನಿಲ್ಲಿಸಿದ್ದೀರಿ. ಅವನ ಹೆಸರಿನಲ್ಲಿ ಓದುಗರ ಬಾಯಿ ಮುಚ್ಚಿಸುವುದು ಅವನಿಗೇ ಅನ್ಯಾಯ. ಅವನ ಕೈಗೆ ಬಂದ ಬಂದೂಕು ಏಕೆ ತಡವಾಯಿತು ಎಂದು ವಿಚಾರಿಸಿದರೆ ಸಾಕು.

ಮತ್ತೆ ಬರೆಯುವುದಾದರೆ, ಇಡೀ ಸೇನೆಯನ್ನು ಹೊತ್ತುಕೊಳ್ಳಬೇಡಿ. ಧನುಷ್ ಫಿರಂಗಿ ಅಥವಾ ತೇಜಸ್‌ನ ಎಂಜಿನ್, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಎಂಜಿನ್. ಬೇಕು ಎಂದು ಮೊದಲು ಹೇಳಿದವರು ಯಾರು, ಯಾವ ವರ್ಷ, ಕಡತ ಎಲ್ಲಿ ನಿಂತಿತು, ಯಾರು ಏನು ಕಾರಣ ಕೊಟ್ಟರು ಎಂದು ಹೆಜ್ಜೆಹೆಜ್ಜೆಯಾಗಿ ಹೋಗಿ. ಸರ್ಕಾರದ ಲೆಕ್ಕ ತಪಾಸಿಸುವ ಸಿಎಜಿಯ ವರದಿಗಳು, ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಗಳು, ಸಂಸತ್ತಿನಲ್ಲಿ ಸಚಿವರು ಕೊಟ್ಟ ಲಿಖಿತ ಉತ್ತರಗಳು ಎಲ್ಲರಿಗೂ ಸಿಗುತ್ತವೆ. ಅವುಗಳ ಭಾಷೆ ಒಣಕಲು, ಆದರೆ ಯಾವ ದೂರದರ್ಶನದ ಚರ್ಚೆಯಲ್ಲೂ ಸಿಗದ ವಿವರ ಅವುಗಳಲ್ಲಿದೆ. ಎಚ್‌ಎಎಲ್‌ನಂಥ ಸಂಸ್ಥೆಗಳಲ್ಲಿ ದುಡಿದು ನಿವೃತ್ತರಾದವರು ನಿಮ್ಮ ಪರಿಚಯದಲ್ಲಿದ್ದರೆ ಮಾತಾಡಿಸಿ. ಗೋಪ್ಯ ವಿವರ ಬೇಡ, ದಿನದ ಕೆಲಸ ಹೇಗೆ ನಡೆಯುತ್ತಿತ್ತು ಎಂದು ಕೇಳಿ.

ಎರಡು ಸಾವಿರ ಪದ ಸಾಕು. ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ದಾಖಲೆಯಿಂದ ಬಂತು ಎಂದು ನನಗಾಗಿ ಗುರುತು ಹಾಕಿ ಕಳಿಸಿ, ಅಚ್ಚಿಗೆ ಹೋಗುವಾಗ ತೆಗೆಯುತ್ತೇವೆ. ನಿಲುವು ಬದಲಾಗಿದ್ದರೆ ಅದನ್ನೂ ಲೇಖನದಲ್ಲೇ ಹೇಳಿ.