ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಠಾಣೆ, ಬೀಟು, ಬೀದಿ ಕ್ಯಾಮೆರಾ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ತಾಲ್ಲೂಕು ಕೇಂದ್ರ ಮತ್ತು ಹೋಬಳಿಗಳಿಂದ ಬಂದಿವೆ. ಠಾಣೆಗಳ ಹೆಸರನ್ನು ನಾವೇ ತೆಗೆದಿದ್ದೇವೆ.

ಸಂತೆ ದಿನ ಬಸ್ ನಿಲ್ದಾಣದ ಪಕ್ಕ ನಿಲ್ಲಿಸಿದ್ದ ಬೈಕ್ ಕಳುವಾಗಿದೆ. ಒಂದು ಠಾಣೆಯವರು ‘ಆ ಜಾಗ ನಮ್ಮ ಸರಹದ್ದಿಗೆ ಬರಲ್ಲ’ ಅಂದರು. ಇನ್ನೊಂದು ಠಾಣೆಯವರು ‘ಎರಡು ದಿನ ಹುಡುಕಿ, ಸಿಗದಿದ್ದರೆ ಬನ್ನಿ’ ಅಂದರು. ಈಗ ಏನು ಮಾಡಲಿ?
– ತುಮಕೂರು ಜಿಲ್ಲೆಯ ಓದುಗರು

ಎರಡು ಮಾತಿಗೂ ಕಾನೂನಿನ ಆಧಾರವಿಲ್ಲ. 2024ರ ಜುಲೈ 1ರಿಂದ ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) ಬದಲು ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಸಂಜ್ಞೇಯ ಅಪರಾಧ (ಮ್ಯಾಜಿಸ್ಟ್ರೇಟರ ಆದೇಶಕ್ಕೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದ ಅಪರಾಧ) ಎಲ್ಲೇ ನಡೆದಿರಲಿ, ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ‘ಝೀರೋ ಎಫ್‌ಐಆರ್’ ಎನ್ನುವುದು ಇದನ್ನೇ. ಅದನ್ನು ದಾಖಲಿಸಿ ಸರಹದ್ದಿನ ಠಾಣೆಗೆ ಕಳಿಸುವುದು ಠಾಣೆಯ ಕೆಲಸ, ನಿಮ್ಮದಲ್ಲ.

‘ಎರಡು ದಿನ ಹುಡುಕಿ’ ಎನ್ನುವುದಕ್ಕೂ ಒಂದು ಹಿನ್ನೆಲೆ ಇದೆ. ಗೆಳೆಯರು ಹೇಳದೆ ಗಾಡಿ ಒಯ್ದಿರುತ್ತಾರೆ, ಇಲ್ಲವೇ ಕಂತು ಬಾಕಿಗೆ ಸಾಲ ಕೊಟ್ಟವರು ಎತ್ತಿಕೊಂಡು ಹೋಗಿರುತ್ತಾರೆ. ಆದ್ದರಿಂದ ‘ಗಾಡಿ ಮೇಲೆ ಸಾಲವಿಲ್ಲ’ ಅಥವಾ ‘ಇಂಥ ತಿಂಗಳವರೆಗೆ ಕಂತು ಕಟ್ಟಿದ್ದೇನೆ’ ಎಂಬ ಒಂದು ಸಾಲನ್ನು ದೂರಿನಲ್ಲೇ ಬರೆದುಬಿಡಿ. ಅರ್ಧ ಪ್ರಶ್ನೆಗಳು ಅಲ್ಲಿಗೇ ಮುಗಿಯುತ್ತವೆ.

ದೂರಿನಲ್ಲಿ ಇರಲೇಬೇಕಾದ್ದು ಇಷ್ಟು: ಗಾಡಿ ನಿಲ್ಲಿಸಿದ ಗಂಟೆ, ಇಲ್ಲವೆಂದು ಗೊತ್ತಾದ ಗಂಟೆ, ಜಾಗದ ಗುರುತು, ನೋಂದಣಿ ಸಂಖ್ಯೆ, ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆ, ಹ್ಯಾಂಡಲ್ ಲಾಕ್ ಹಾಕಿತ್ತೇ ಇಲ್ಲವೇ, ಎರಡು ಕೀಗಳೂ ನಿಮ್ಮ ಬಳಿ ಇವೆಯೇ. ಕಳ್ಳರು ನಂಬರ್ ಪ್ಲೇಟನ್ನು ಸುಲಭವಾಗಿ ಬದಲಿಸುತ್ತಾರೆ, ಚಾಸಿ ಸಂಖ್ಯೆಯನ್ನು ಅಷ್ಟು ಸುಲಭವಾಗಿ ಅಳಿಸಲಾಗದು. ಅದಿಲ್ಲದ ದೂರಿನಿಂದ ಗಾಡಿ ಸಿಕ್ಕರೂ ನಿಮ್ಮದೆಂದು ಗುರುತಿಸುವುದು ಕಷ್ಟ.

ಎರಡು ಪ್ರತಿ ಒಯ್ಯಿರಿ. ಎರಡನೆಯದರ ಮೇಲೆ ಠಾಣೆಯ ಮೊಹರು, ದಿನಾಂಕ, ಪಡೆದವರ ಸಹಿ ಹಾಕಿಸಿಕೊಳ್ಳಿ. ಎಫ್‌ಐಆರ್ ಆದ ಮೇಲೆ ಅದರ ಪ್ರತಿಯನ್ನು ಪುಕ್ಕಟೆ ಕೊಡಬೇಕೆಂದು ಅದೇ ಕಲಂ ಹೇಳುತ್ತದೆ; ‘ಜೆರಾಕ್ಸ್ ಖರ್ಚು’ ಕೊಡಬೇಕಿಲ್ಲ. ವಿದ್ಯುನ್ಮಾನ ರೂಪದಲ್ಲಿ ದೂರು ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಅದನ್ನು ಮರೆತವರ ದೂರು ಅಲ್ಲೇ ನಿಲ್ಲುತ್ತದೆ.

ದೂರು ತೆಗೆದುಕೊಳ್ಳಲೇ ಇಲ್ಲವೆಂದರೆ ಅದರ ಸಾರಾಂಶವನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ (ಎಸ್‌ಪಿ) ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಪ್ರಮಾಣಪತ್ರ (ಅಫಿಡವಿಟ್) ಸಮೇತ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಈ ಮೆಟ್ಟಿಲುಗಳನ್ನು ಹಾರಿ ನೇರ ನ್ಯಾಯಾಲಯಕ್ಕೆ ಹೋದರೆ ‘ಎಸ್‌ಪಿಗೆ ಬರೆದಿರಾ’ ಎಂಬುದೇ ಮೊದಲ ಪ್ರಶ್ನೆ. ಠಾಣೆಗೆ ಹೋದ ದಿನ, ಗಂಟೆಯನ್ನೂ ಬರೆದಿಟ್ಟುಕೊಳ್ಳಿ. ಠಾಣೆಗಳ ಸಿಸಿಟಿವಿ ದೃಶ್ಯವನ್ನು 18 ತಿಂಗಳು ಉಳಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲೇ ಹೇಳಿದೆ. ‘ನೀವು ಬಂದೇ ಇರಲಿಲ್ಲ’ ಎಂಬ ಮಾತು ಬಂದರೆ ಆ ಟಿಪ್ಪಣಿ ಕೆಲಸಕ್ಕೆ ಬರುತ್ತದೆ.

ವಿಮೆ ಇದ್ದರೆ ಅವರಿಗೂ ಅದೇ ದಿನ ತಿಳಿಸಿ. ಗಾಡಿ ಸಿಗದೇ ಹೋದರೆ ವಿಮೆಯವರು ಕೇಳುವುದು ‘ಸಿ’ ರಿಪೋರ್ಟ್, ಅಂದರೆ ಪತ್ತೆಯಾಗದ ಪ್ರಕರಣ ಎಂಬ ಅಂತಿಮ ವರದಿ. ‘ಬಿ’ ರಿಪೋರ್ಟ್ ಬೇರೆ. ಅದು ದೂರು ಸುಳ್ಳು ಅಥವಾ ಸಾಕ್ಷ್ಯವಿಲ್ಲ ಎನ್ನುವ ವರದಿ. ಕೈಗೆ ಬಂದದ್ದು ಯಾವುದೆಂದು ನೋಡಿಕೊಳ್ಳಿ.

ತೋಟದ ಕೊಳವೆಬಾವಿಯ ಕೇಬಲ್ ಕತ್ತರಿಸಿ ಒಯ್ದಿದ್ದಾರೆ. ದೂರು ಕೊಟ್ಟರೆ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಚೀಟಿ ಕೊಟ್ಟು ಕಳಿಸಿದರು, ಎಫ್‌ಐಆರ್ ಮಾಡಲಿಲ್ಲ. ಕಳವು ಕಳವಲ್ಲವೇ?
– ಅಡಿಕೆ ಬೆಳೆಗಾರರು, ಚಿತ್ರದುರ್ಗ ಜಿಲ್ಲೆ

ಕಳವೇ. ಆದರೆ ಐಪಿಸಿ ಬದಲು ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಒಂದು ಹೊಸ ಗೆರೆ ಬಂದಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದವನು ಮೊದಲ ಸಲ ಶಿಕ್ಷೆಗೊಳಗಾಗುವವನಾಗಿದ್ದು, ವಸ್ತುವನ್ನೋ ಬೆಲೆಯನ್ನೋ ಮರಳಿಸಿದರೆ ಅವನಿಗೆ ಸಮುದಾಯ ಸೇವೆಯಷ್ಟೇ ಶಿಕ್ಷೆ. ಇಂಥ ಕಳವನ್ನು ಅಸಂಜ್ಞೇಯದ ಪಟ್ಟಿಗೆ ಹಾಕಿದ್ದಾರೆ. ಅಸಂಜ್ಞೇಯವಾದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಶಿಕ್ಷೆಯ ಹೊತ್ತಿಗೆ ತಿಳಿಯಬೇಕಾದ ಸಂಗತಿಯನ್ನು ದೂರಿನ ಹೊತ್ತಿಗೇ ಊಹಿಸುವಂತಾಗಿರುವುದು ವಿಚಿತ್ರವೇ. ಹಾಗಾಗಿ ‘ಸ್ವಲ್ಪ ಕೇಬಲ್ ಹೋಗಿದೆ’ ಎಂದಷ್ಟೇ ಬರೆದ ದೂರು ಎನ್‌ಸಿಆರ್ ಆಗುವ ಸಾಧ್ಯತೆ ಹೆಚ್ಚು.

ಎರಡು ವಿಷಯ ನೋಡಿ. ಮೊದಲನೆಯದು ಬೆಲೆ. ಎಷ್ಟು ಅಡಿ, ಎಷ್ಟು ಕೋರ್, ಎಷ್ಟು ಚದರ ಮಿ.ಮೀ., ಯಾವ ಕಂಪನಿ, ಕೊಂಡ ವರ್ಷ ಇವನ್ನು ಬರೆದು ಬಿಲ್ ಲಗತ್ತಿಸಿ. ಬಿಲ್ ಕಳೆದಿದ್ದರೆ ಅಂಗಡಿಯಿಂದ ಅದೇ ಮಾಲಿನ ಇಂದಿನ ದರಪಟ್ಟಿ ತನ್ನಿ. ಸ್ಟಾರ್ಟರ್, ಫ್ಯೂಸ್ ಪೆಟ್ಟಿಗೆ ಹೋಗಿದ್ದರೆ ಅವನ್ನೂ ಸೇರಿಸಿ. ಬೆಲೆ ಉಬ್ಬಿಸಬೇಡಿ, ಮಹಜರಿನಲ್ಲಿ ಅಳತೆ ತಾಳೆಯಾಗದಿದ್ದರೆ ಇಡೀ ದೂರೇ ಸಡಿಲವಾಗುತ್ತದೆ.

ಎರಡನೆಯದು ಜಾಗ. ಬಯಲಲ್ಲಿದ್ದ ಕೇಬಲ್ ಹೋದರೆ ಸಾದಾ ಕಳವು. ಬೀಗ ಹಾಕಿದ ಮೋಟಾರು ಮನೆಯೊಳಗಿಂದ ಹೋದರೆ ಲೆಕ್ಕ ಬೇರೆ: ವಾಸದ ಮನೆಯಷ್ಟೇ ಅಲ್ಲ, ಸಾಮಾನು ಇಡುವ ಕಟ್ಟಡದೊಳಗಿನ ಕಳವೂ 305ನೇ ಕಲಮಿಗೆ ಬರುತ್ತದೆ. ಅದಕ್ಕೆ 7 ವರ್ಷದವರೆಗೆ ಶಿಕ್ಷೆ, ಅದು ಸಂಜ್ಞೇಯ. ‘ತೋಟದಲ್ಲಿ ಕಳುವಾಗಿದೆ’ ಎಂದು ಬರೆಯುವುದಕ್ಕೂ ‘ಮೋಟಾರು ಮನೆಯ ಬೀಗ ಮುರಿದು ಒಳಗಿನಿಂದ ಒಯ್ದಿದ್ದಾರೆ’ ಎಂದು ಬರೆಯುವುದಕ್ಕೂ ಇಷ್ಟು ಅಂತರ. ನಡೆದದ್ದು ಹಾಗಿದ್ದರೆ ಹಾಗೇ ಬರೆಯಿರಿ, ಮುರಿದ ಬೀಗವನ್ನು ಎಸೆಯಬೇಡಿ. ಒಂದೇ ಘಟನೆಯಲ್ಲಿ ಒಂದು ಅಪರಾಧ ಸಂಜ್ಞೇಯವಾದರೂ ಸಾಕು, ಇಡೀ ಪ್ರಕರಣ ಸಂಜ್ಞೇಯವಾಗುತ್ತದೆ.

‘14 ದಿನ ವಿಚಾರಣೆ ಮಾಡಿ ಆಮೇಲೆ ಎಫ್‌ಐಆರ್’ ಎಂಬ ಮಾತೂ ಕೇಳಿಬರುತ್ತದೆ. 3 ವರ್ಷ ಅಥವಾ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು ಹಾಗೆ ಮಾಡಲು ಅವಕಾಶವಿದೆ. ಅನುಮತಿ ಆಗಿದೆಯೇ ಎಂದು ಕೇಳಿ. 305ನೇ ಕಲಮಿನ ಶಿಕ್ಷೆ 7 ವರ್ಷ ಮುಟ್ಟುವುದರಿಂದ ಅದಕ್ಕೆ ಈ ದಾರಿ ಇಲ್ಲ.

ಇನ್ನು ಹೊತ್ತಿನ ಮಾತು. ಕದ್ದ ಕೇಬಲ್ಲಿನ ಹೊದಿಕೆ ಸುಟ್ಟು ತಾಮ್ರವನ್ನು ಗುಜರಿಗೆ ಹಾಕುತ್ತಾರೆ. ಸುಟ್ಟ ಮೇಲೆ ಎಲ್ಲರ ತಾಮ್ರವೂ ಒಂದೇ. ಹೊದಿಕೆಯ ಮೇಲೆ ಅಚ್ಚಾಗಿರುವ ಕಂಪನಿಯ ಹೆಸರು, ಮೀಟರ್ ಅಂಕಿಗಳನ್ನು ಈಗಲೇ ಫೋಟೊ ತೆಗೆದಿಟ್ಟರೆ, ಸುಡುವ ಮುಂಚೆ ಸಿಕ್ಕ ಮಾಲನ್ನು ನಿಮ್ಮದೆಂದು ತೋರಿಸಬಹುದು. ಸುಟ್ಟ ಹೊದಿಕೆಯ ಗುಡ್ಡೆ ಹತ್ತಿರದ ಹಳ್ಳದಲ್ಲೋ ಗೋಮಾಳದಲ್ಲೋ ಕಂಡರೆ ಮುಟ್ಟದೆ ಬೀಟ್ ಪೊಲೀಸರಿಗೆ ತೋರಿಸಿ.

ಪೇಟೆ ಬೀದಿಯ ವರ್ತಕರು ಸೇರಿ ನಾಲ್ಕು ಕ್ಯಾಮೆರಾ ಹಾಕಿದ್ದೇವೆ. ರಾತ್ರಿ ಸರಗಳ್ಳತನವಾದಾಗ ಬೈಕ್ ಕಂಡಿತು, ನಂಬರ್ ಕಾಣಲಿಲ್ಲ. ತಪ್ಪೆಲ್ಲಿ?
– ವರ್ತಕರ ಸಂಘ, ಹಾವೇರಿ ಜಿಲ್ಲೆ

ಒಂದೇ ಕ್ಯಾಮೆರಾ ಇಡೀ ವೃತ್ತವನ್ನೂ ನೋಡಬೇಕು, ನಂಬರನ್ನೂ ಓದಬೇಕು ಎಂದು ಬಯಸಿದ್ದೇ ತಪ್ಪು. ಅಗಲ ನೋಟದ ಲೆನ್ಸಿನಲ್ಲಿ ನಂಬರ್ ಪ್ಲೇಟಿನ ಪಾಲಿಗೆ ಬರುವುದು ಬೆರಳೆಣಿಕೆಯ ಚುಕ್ಕೆಗಳು. ರಾತ್ರಿಯಾದರೆ ಹೆಡ್‌ಲೈಟಿನ ಬೆಳಕಿಗೆ ಅದೂ ಬಿಳುಚಿಕೊಳ್ಳುತ್ತದೆ. ಊರಿನಿಂದ ಹೊರಹೋಗುವ ರಸ್ತೆಯ ಬಾಯಲ್ಲಿ, ಗಾಡಿಗಳು ರಸ್ತೆ ಉಬ್ಬಿಗೆ ನಿಧಾನಿಸುವ ಜಾಗದಲ್ಲಿ, ನಂಬರಿಗೆಂದೇ ಒಂದು ಕ್ಯಾಮೆರಾ ಹಾಕಿ. ಎತ್ತರ ಸುಮಾರು 3 ಮೀಟರ್, ರಸ್ತೆಗೆ ಓರೆ 30 ಡಿಗ್ರಿ ದಾಟದಿರಲಿ. ಲೆನ್ಸ್ ಕಿರುನೋಟದ್ದಾಗಿರಲಿ, 12 ಮಿ.ಮೀ. ಆಸುಪಾಸು. ಷಟರನ್ನು ‘ಆಟೋ’ದಲ್ಲಿ ಬಿಡದೆ 1/500 ಸೆಕೆಂಡಿಗೋ ಅದಕ್ಕಿಂತ ವೇಗಕ್ಕೋ ಇಡಿಸಿ. ಚಿತ್ರ ಕಪ್ಪಾಗಿ ಕಾಣುತ್ತದೆ, ಆದರೆ ಪ್ಲೇಟು ಓದಲು ಬರುತ್ತದೆ. ಹಿಂದಿನ ಪ್ಲೇಟನ್ನು ನೋಡುವಂತೆ ತಿರುಗಿಸಿದರೆ ಹೆಡ್‌ಲೈಟಿನ ಕಾಟವೂ ಇಲ್ಲ.

ಡಿಸ್ಕ್ ಲೆಕ್ಕ: 2 ಎಂಬಿಪಿಎಸ್‌ನಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21.6 ಜಿಬಿ ತಿನ್ನುತ್ತದೆ, 30 ದಿನಕ್ಕೆ 650 ಜಿಬಿ. ನಾಲ್ಕಕ್ಕೆ 2.6 ಟಿಬಿ, 4 ಟಿಬಿ ಡಿಸ್ಕ್ ಸಾಕು. ಅಂಗಡಿಯವರು 1 ಟಿಬಿ ಹಾಕಿಕೊಟ್ಟಿದ್ದರೆ ಹನ್ನೊಂದು ಹನ್ನೆರಡು ದಿನಕ್ಕೆ ಹಳೆಯದು ಅಳಿಸಿಹೋಗುತ್ತದೆ. 30 ದಿನ ಎನ್ನುವುದಕ್ಕೆ ಕಾರಣವಿದೆ: ಜನ ಹೆಚ್ಚು ಸೇರುವ ಸ್ಥಳಗಳು ಅಷ್ಟು ದಿನದ ದೃಶ್ಯ ಇಟ್ಟುಕೊಳ್ಳಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಕರೆಂಟು ಹೋದಾಗಲೇ ಕ್ಯಾಮೆರಾ ಬೇಕಾಗುವುದು. ನಾಲ್ಕು ಕ್ಯಾಮೆರಾ, ರೆಕಾರ್ಡರ್, ರೂಟರ್ ಸೇರಿ 60 ವ್ಯಾಟ್ ಹಿಡಿದರೆ 4 ಗಂಟೆಗೆ 240 ವ್ಯಾಟ್-ಅವರ್ ಬೇಕು. ಸಣ್ಣ ಯುಪಿಎಸ್‌ನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 84 ಮಾತ್ರ. ಯಾವುದಾದರೂ ಅಂಗಡಿಯ ಇನ್ವರ್ಟರಿಗೆ ಜೋಡಿಸುವುದೇ ವಾಸಿ.

ರೆಕಾರ್ಡರಿನ ಗಡಿಯಾರ ತಪ್ಪುವುದು ಸಾಮಾನ್ಯ. ಹದಿನೈದು ದಿನಕ್ಕೊಮ್ಮೆ ಮೊಬೈಲ್ ಸಮಯಕ್ಕೆ ಹೋಲಿಸಿ ಪುಸ್ತಕದಲ್ಲಿ ಬರೆಯಿರಿ. 9.10ಕ್ಕೆ ನಡೆದದ್ದು ದೃಶ್ಯದಲ್ಲಿ 8.47 ಎಂದಿದ್ದರೆ ಆರೋಪಿಯ ವಕೀಲರು ಬಿಡುವುದಿಲ್ಲ. ದೃಶ್ಯದ ಪ್ರತಿ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ‘ಎ’ ಭಾಗಕ್ಕೆ ಯಂತ್ರ ನೋಡಿಕೊಳ್ಳುವವರ ಸಹಿ, ‘ಬಿ’ ಭಾಗಕ್ಕೆ ತಜ್ಞರದು, ಜೊತೆಗೆ ಕಡತದ ಹ್ಯಾಶ್ ಮೌಲ್ಯ, ಅಂದರೆ ಕಡತ ಸ್ವಲ್ಪ ಬದಲಾದರೂ ಬದಲಾಗುವ ಗುರುತು ಸಂಖ್ಯೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ತುಣುಕು ಕುಗ್ಗಿರುತ್ತದೆ, ಹ್ಯಾಶ್ ಬದಲಾಗಿರುತ್ತದೆ. ಅದು ಹುಡುಕಾಟಕ್ಕಾದೀತು, ನ್ಯಾಯಾಲಯಕ್ಕಲ್ಲ. ಇಡೀ ರೆಕಾರ್ಡರನ್ನೇ ಒಯ್ಯುವುದಾದರೆ ಜಪ್ತಿ ಮಹಜರಿನ ಪ್ರತಿ ಪಡೆಯಿರಿ.

ಮದುವೆಗೆಂದು ಮೂರು ದಿನ ಮನೆಗೆ ಬೀಗ ಹಾಕಿ ಹೋಗಬೇಕು. ಠಾಣೆಗೆ ತಿಳಿಸಿದರೆ ನಿಜವಾಗಿ ಬಂದು ನೋಡುತ್ತಾರೆಯೇ?
– ಗೃಹಿಣಿ, ಹಾಸನ ಜಿಲ್ಲೆ

ವಿಳಾಸ, ಹೋಗುವ ಬರುವ ದಿನ, ಫೋನ್ ಸಂಖ್ಯೆ ಬರೆದು ಕೊಟ್ಟರೆ ರಾತ್ರಿ ಗಸ್ತಿನ ಪಟ್ಟಿಗೆ ಸೇರಿಸಬಹುದು. ಆದರೆ ಬೀಟಿನವರೇ ಬಂದೋಬಸ್ತಿಗೆ ಹೋಗುವ ಜಾತ್ರೆ, ಚುನಾವಣೆಯ ದಿನಗಳಲ್ಲಿ ಅದನ್ನೊಂದೇ ನೆಚ್ಚಬೇಡಿ. ಹಾಲು, ಪೇಪರು ನಿಲ್ಲಿಸಿ. ಹೊರಗೆ ಜೋತಾಡುವ ಬೀಗಕ್ಕಿಂತ ಬಾಗಿಲೊಳಗೆ ಹುದುಗಿದ ಬೀಗ ಮೇಲು.

ಒಡವೆಗಳನ್ನು ಬಿಳಿ ಬಟ್ಟೆ ಮೇಲಿಟ್ಟು ಫೋಟೊ ತೆಗೆಯಿರಿ, ತೂಕ ಬರೆಯಿರಿ. ಇತ್ತೀಚೆಗೆ ಕೊಂಡದ್ದಾದರೆ ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಕೆತ್ತಿರುತ್ತದೆ, ಅದನ್ನೂ ಬರೆದಿಡಿ. ‘ಎರಡೆಳೆ ಸರ ಒಂದು’ ಎಂಬ ದೂರಿನಿಂದ ಸಿಕ್ಕ ಒಡವೆ ಯಾರದೆಂದು ಹೇಳಲಾಗದು. ಬಂದಾಗ ಬಾಗಿಲು ಮುರಿದಿದ್ದರೆ ಒಳಗೆ ಕಾಲಿಡದೆ 112ಕ್ಕೆ ಕರೆ ಮಾಡಿ. ಏನೇನು ಹೋಗಿದೆಯೆಂದು ಬೀರು ಎಳೆದು ನೋಡುವ ಆತುರದಲ್ಲೇ ಬೆರಳಚ್ಚು ಅಳಿಸಿ, ಶ್ವಾನದಳಕ್ಕೆ ವಾಸನೆ ಕಲಸಿಹೋಗುತ್ತದೆ.

ಪಕ್ಕದ ಮನೆ ಗಲಾಟೆಗೆ ಸಾಕ್ಷಿ ಹೇಳಲು 67 ವರ್ಷದ ತಂದೆಯವರನ್ನು ಠಾಣೆಗೆ ಕರೆಯುತ್ತಿದ್ದಾರೆ. ಹೋಗಲೇಬೇಕೇ?
– ಓದುಗರು, ಉತ್ತರ ಕನ್ನಡ

ಬೇಕಿಲ್ಲ. 60 ವರ್ಷ ಮೇಲ್ಪಟ್ಟವರು, 15ರೊಳಗಿನವರು, ಮಹಿಳೆಯರು, ಅಂಗವಿಕಲರು, ತೀವ್ರ ಕಾಯಿಲೆಯವರನ್ನು ಸಾಕ್ಷಿಯಾಗಿ ಅವರ ವಾಸಸ್ಥಳದಲ್ಲೇ ವಿಚಾರಿಸಬೇಕು. ಇದು ಸುರಕ್ಷಾ ಸಂಹಿತೆಯ 179ನೇ ಕಲಂ. ಅವರಾಗಿಯೇ ಬರುತ್ತೇನೆಂದರೆ ಅಡ್ಡಿಯಿಲ್ಲ. ಲಿಖಿತ ನೋಟಿಸ್ ಕೇಳಿ ಪಡೆಯಿರಿ.

ಬೀಟ್ ಸಭೆಯಲ್ಲಿ ಬೀದಿ ದೀಪದ ಬಗ್ಗೆ ಮೂರು ಸಲ ಹೇಳಿದೆವು, ಆಗಲಿಲ್ಲ.
– ಬಡಾವಣೆ ನಿವಾಸಿಗಳು, ಮಂಡ್ಯ ಜಿಲ್ಲೆ

ದೀಪ ಪೊಲೀಸರ ಕೈಲಿಲ್ಲ, ಪುರಸಭೆ ಅಥವಾ ಪಂಚಾಯಿತಿಯದು. ಕಂಬದ ಸಂಖ್ಯೆ ಹಾಕಿ ಮುಖ್ಯಾಧಿಕಾರಿಗೆ ಅರ್ಜಿ ಕೊಟ್ಟು, ಅದರ ಪ್ರತಿಯನ್ನು ಬೀಟ್ ಪೊಲೀಸರಿಗೆ ಕೊಡಿ. ‘ನಮ್ಮ ಬೀದಿ ಕತ್ತಲು’ ಎಂದರೆ ಲೈನ್‌ಮನ್‌ಗೆ ಯಾವ ಕಂಬವೆಂದು ತಿಳಿಯದು. ಸಭೆಯಲ್ಲಿ ಪೊಲೀಸರಿಂದ ಕೇಳಬೇಕಾದ್ದು ಬೇರೆ: ಗಸ್ತು ಯಾವ ಹೊತ್ತಿಗೆ ನಿಮ್ಮ ಬೀದಿ ಮುಟ್ಟುತ್ತದೆ, ಬೀಟಿನ ಗುರುತಿನ ಪಾಯಿಂಟ್ (ಗಸ್ತಿನವರು ಬಂದದ್ದಕ್ಕೆ ಗುರುತು ಹಾಕುವ ಜಾಗ) ಎಲ್ಲಿದೆ. ಪಾಯಿಂಟ್ ಮುಖ್ಯರಸ್ತೆಯಲ್ಲೇ ಇದ್ದರೆ ಗಸ್ತಿನವರು ಅಲ್ಲಿಂದಲೇ ತಿರುಗಿ ಹೋಗುತ್ತಾರೆ. ಅದನ್ನು ಬಡಾವಣೆಯ ಕೊನೆಯ ತಿರುವಿಗೆ ಸರಿಸಲು ಬರಹದಲ್ಲಿ ಕೇಳಿ.

ಫೋನ್‌ಪೇಯಲ್ಲಿ ಮೋಸ ಹೋದೆ. ಸೈಬರ್ ಠಾಣೆ ಜಿಲ್ಲಾ ಕೇಂದ್ರದಲ್ಲಿದೆ, ನಾಳೆ ಹೋಗಲೇ?
– ವಿದ್ಯಾರ್ಥಿ, ಕೊಪ್ಪಳ ಜಿಲ್ಲೆ

ನಾಳೆಯವರೆಗೆ ಕಾಯಬೇಡಿ. ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆ, ಮೊತ್ತ, ಗಂಟೆ, ನಿಮ್ಮ ಬ್ಯಾಂಕ್ ಖಾತೆ ಸಂಖ್ಯೆ ಎದುರಿಗಿರಲಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಎಟಿಎಂನಿಂದ ಹೊರಬೀಳುವ ಮುಂಚೆ ತಡೆದರಷ್ಟೇ ಉಳಿಯುತ್ತದೆ. ದೂರಿನ ಸಂಖ್ಯೆ ಸಿಕ್ಕ ಮೇಲೆ ಬೆಳಿಗ್ಗೆ ಬಸ್ ಹತ್ತಿ.